ಟವೆಲ್ಲಿನ ಅಡಿಯ ನಂಬರು

ಅಮ್ಮನ ಮೊಬೈಲು ಮೂರು ಸಲ ಬಡಕೊಂಡಿತು. ಮೂರೂ ಸಲ 080ರಿಂದ ಶುರುವಾಗುವ ನಂಬರು. ಮೂರೂ ಸಲ ಅಮ್ಮ ಕಟ್ ಮಾಡಿದಳು. "ಬೆಂಗ್ಳೂರಿಂದ ಯಾರೋ ಲೋನ್ ಕೊಡ್ತೀವಿ ಅಂತ ಮಾಡ್ತಾವ್ರೆ ಕನಪ್ಪ" ಅಂದವಳೇ ಮತ್ತೆ ಅವರೆಕಾಯಿ ಸುಲಿಯುವುದಕ್ಕೆ ಕೂತಳು. ಹತ್ತು ನಿಮಿಷ ಬಿಟ್ಟು ಬಾಗಿಲಲ್ಲಿ ಬೈಕು ನಿಂತಿತು. ಬೆನ್ನ ಮೇಲೆ ಅಷ್ಟೆತ್ತರದ ಚೀಲ ಹೊತ್ತ ಹುಡುಗ, "ಎಷ್ಟ್ ಸತಿ ಮಾಡದು ಕನಮ್ಮ, ಎತ್ತದೇ ಇಲ್ವಲ್ಲ" ಅಂದ. ಹುಡುಗ ಪಕ್ಕದ ಊರಿನವನು. ಫೋನು ಮಾಡಿದ್ದು ನಮ್ಮೂರು ಹಲಗೂರಿನ ಬಸ್‌ಸ್ಟ್ಯಾಂಡಿನಿಂದ. ಬಸ್‌ಸ್ಟ್ಯಾಂಡು ನಮ್ಮ ಮನೆಗೆ ಕೂಗಳತೆ. ಅವನು ಗಟ್ಟಿಯಾಗಿ ಕೂಗಿದ್ದರೆ ಅಮ್ಮ ಓಗೊಡುತ್ತಿದ್ದಳು. ಆದರೆ ಅವನ ಕರೆ ಸಾತನೂರು, ಕನಕಪುರ ದಾಟಿ ಎಲ್ಲಿಗೋ ಹೋಗಿ, ಬೆಂಗಳೂರಿನ ವೇಷ ಹಾಕಿಕೊಂಡು ವಾಪಸ್ ಬಂದಿತ್ತು.

ಇದನ್ನು ನಂಬರ್ ಮಾಸ್ಕಿಂಗ್ ಅನ್ನುತ್ತಾರೆ. ನಿನ್ನ ನಂಬರು ಅವನಿಗೆ ಕಾಣದು, ಅವನ ನಂಬರು ನಿನಗೆ ಕಾಣದು, ನಡುವೆ ಒಂದು ವರ್ಚುವಲ್ ನಂಬರು. ಖಾಸಗಿತನ ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ಅದನ್ನು ಮಾರುವವರು ಹೇಳುತ್ತಾರೆ. ಉಪಾಯ ಒಳ್ಳೆಯದೇ. ಯಾರಿಂದ ಕಾಯುತ್ತದೆ ಎಂದು ಕೇಳಿದಾಗ ಮಾತ್ರ ಉತ್ತರ ಸ್ವಲ್ಪ ತಡವರಿಸುತ್ತದೆ.

ನಮ್ಮ ಕಡೆಯವರಿಗೆ ನಡುವಿನ ನಂಬರು ಹೊಸದಲ್ಲ. ಸರ್ಕಾರಿ ಸಂಸ್ಥೆ ಸಿ-ಡಾಟ್‌ನವರ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕಿತ್ತೂರಿನಲ್ಲಿ ಕೂತ ಮೇಲೆ ಹಳ್ಳಿಗಳಿಗೆ ಫೋನು ಬರತೊಡಗಿತು ನಿಜ, ಆದರೆ ಮನೆಮನೆಗೆ ಬರಲಿಲ್ಲ. ಬೀದಿಗೊಂದು ಬಂದರೆ ಹೆಚ್ಚು. ಆಗಿನ ಲಗ್ನಪತ್ರಿಕೆ ತೆಗೆದು ನೋಡಿ: 08231 ಎಂಬ ಮಳವಳ್ಳಿ ಕೋಡು, ನಂಬರು, ಅದರ ಪಕ್ಕದಲ್ಲಿ ಸಣ್ಣಗೆ 'ಪಿ.ಪಿ.' ಎಂದು. ಪಿ.ಪಿ. ಅಂದರೆ ಫೋನು ನಮ್ಮದಲ್ಲ, ಪಕ್ಕದ ಮನೆಯವರದು, ಮಾಡಿದರೆ ಕರೆದುಕೊಡುತ್ತಾರೆ. ಪಕ್ಕದ ಮನೆಯ ಅತ್ತೆ ಹಿತ್ತಲಿಂದಲೇ ಕೂಗಿ ಕರೆಯುತ್ತಿದ್ದರು. ಓಡಿ ಹೋಗಿ ರಿಸೀವರು ಹಿಡಿದರೆ ಅವರು ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಮೈಸೂರಿನ ಗಂಡಿನ ಮನೆಯವರು ಒಪ್ಪಿದರೋ ಬಿಟ್ಟರೋ ನಮ್ಮಪ್ಪನಿಗಿಂತ ಮೊದಲು ಅವರಿಗೆ ಗೊತ್ತು. ನಮ್ಮ ನಂಬರು ಯಾರಿಗೂ ಸಿಗುತ್ತಿರಲಿಲ್ಲ, ನಂಬರೇ ಇರಲಿಲ್ಲವಲ್ಲ. ಆದರೆ ನಮ್ಮ ಸಂಗತಿಯೆಲ್ಲ ಆ ಒಂದು ಮನೆಯಲ್ಲಿ ಜಮೆಯಾಗಿತ್ತು.

ಈಗಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಸಿಮ್ಮಿನ ನಂಬರು ಯಾರದ್ದಾದರೂ ಜೇಬಿನಲ್ಲಿ ಇರುತ್ತದೆ. ವರ್ಚುವಲ್ ನಂಬರಿಗೆ ಜೇಬಿಲ್ಲ. ಯಾವ ಫೋನಿನೊಳಗೂ ಅದು ಕೂತಿಲ್ಲ. ಒಂದು ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೆ. ಹುಡುಗ ಆ್ಯಪಿನಲ್ಲಿ ಕರೆಯ ಗುಂಡಿ ಒತ್ತಿದಾಗ ಅವನ ಫೋನು ಡಯಲ್ ಮಾಡುವುದು ಅಮ್ಮನ ನಂಬರನ್ನಲ್ಲ, ಕಂಪನಿ ಅವನಿಗೆ ತೋರಿಸಿದ ನಂಬರನ್ನು. ಅದು ಟವರು, ಟೆಲಿಕಾಂ ಕಂಪನಿಯ ಸ್ವಿಚ್ಚು ಹಾದು ಕ್ಲೌಡ್ ಟೆಲಿಫೋನಿ ಕಂಪನಿಯೊಂದರ ಸರ್ವರಿಗೆ ಹೋಗಿ ಬೀಳುತ್ತದೆ. ಬೆಂಗಳೂರಿನಲ್ಲೇ 2011ರಲ್ಲಿ ಶುರುವಾದ ಎಕ್ಸೊಟೆಲ್ ಇಂಥ ಕಸುಬಿನ ಕಂಪನಿ. ಅಲ್ಲಿಂದ ಮುಂದಕ್ಕೆ ದನಿ ಅಂಕಿಗಳ ಸಣ್ಣ ಸಣ್ಣ ಪೊಟ್ಟಣವಾಗಿ ಓಡುತ್ತದೆ. ಕರೆ ಎಬ್ಬಿಸುವ, ಜೋಡಿಸುವ, ಮುಗಿಸುವ ಕಟ್ಟಳೆಗೆ ಎಸ್‌ಐಪಿ ಎಂದು ಹೆಸರು. 1999ರಲ್ಲಿ ಬರೆದು 2002ರಲ್ಲಿ ಮತ್ತೆ ತಿದ್ದಿ ಬರೆದದ್ದು.

ಸರ್ವರು ನೋಡುವುದು ಎರಡೇ ಸಂಗತಿ. ಕರೆದವನು ಯಾರು? ಕರೆದದ್ದು ಯಾವ ನಂಬರಿಗೆ? ಈ ಎರಡನ್ನೂ ಸೇರಿಸಿ ಪಟ್ಟಿಯಲ್ಲಿ ಹುಡುಕಿದರೆ ಆರ್ಡರು ಸಿಗುತ್ತದೆ, ಆರ್ಡರಿನಲ್ಲಿ ಅಮ್ಮನ ಅಸಲಿ ನಂಬರು ಸಿಗುತ್ತದೆ. ಆಗ ಸರ್ವರು ತಾನೇ ಇನ್ನೊಂದು ಕರೆ ಎಬ್ಬಿಸಿ ಎರಡು ತುದಿಯನ್ನೂ ಗಂಟು ಹಾಕುತ್ತದೆ. ಅಂದರೆ ಒಂದು ಮಾತಿಗೆ ಎರಡು ಕರೆ. ಇಲ್ಲೊಂದು ಜಾಣತನವಿದೆ, ನನಗೆ ಬಹಳ ಹಿಡಿಸಿದ್ದು. ಅಮ್ಮನ ಹೆಸರಿಗೆಂದು ಒಂದು ನಂಬರನ್ನು ಎತ್ತಿಡಬೇಕಾಗಿಲ್ಲ. ಒಂದೇ 080 ನಂಬರು ನಮ್ಮ ಹುಡುಗನಿಗೆ ಅಮ್ಮನ ನಂಬರು, ಅದೇ ಗಳಿಗೆಯಲ್ಲಿ ಜಯನಗರದ ಇನ್ನೊಬ್ಬ ಹುಡುಗನಿಗೆ ಬೇರೊಬ್ಬ ಗಿರಾಕಿಯ ನಂಬರು. ಕರೆದವನು ಬೇರೆಯಾದ್ದರಿಂದ ಗೊಂದಲವಿಲ್ಲ. ಒಬ್ಬ ಹುಡುಗನ ಕೈಯಲ್ಲಿ ಒಟ್ಟಿಗೆ ಎಷ್ಟು ಆರ್ಡರು ಇರುತ್ತವೋ ಅಷ್ಟು ನಂಬರಿದ್ದರೆ ಊರಿಗೆ ಊರನ್ನೇ ನಿಭಾಯಿಸಬಹುದು. ಆರ್ಡರು ಮುಗಿಯಿತೋ, ಆ ಸಾಲು ಅಳಿಸಿಹೋಗುತ್ತದೆ. ಜಾತ್ರೆಯಲ್ಲಿ ಬಾಡಿಗೆಗೆ ಕೊಡುವ ಪಾತ್ರೆಯ ಹಾಗೆ, ತೊಳೆದು ಇನ್ನೊಬ್ಬರಿಗೆ.

ಅಮ್ಮನಿಗೆ ಬಂದ ನಂಬರಿಗೆ ನಾನು ನನ್ನ ಫೋನಿನಿಂದ ಮಾಡಿ ನೋಡಿದೆ. ಹೆಣ್ಣು ದನಿಯೊಂದು ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಈ ನಂಬರಿನಿಂದ ಯಾವ ಆರ್ಡರೂ ಇಲ್ಲ ಎಂದಿತು. ಕನ್ನಡ ಮೂರನೆಯದಾಗಿಯೂ ಬರಲಿಲ್ಲ. ಯಂತ್ರದ ದೃಷ್ಟಿಯಲ್ಲಿ ಅದು ಸರಿಯಾಗಿಯೇ ನಡೆದುಕೊಂಡಿತ್ತು: ನಾನು ಆ ಜೋಡಿಯಲ್ಲಿ ಇಲ್ಲ. ಆದರೆ ಗುರುತಿಲ್ಲದ ನಂಬರು ಎತ್ತದ, ಮಗನ ಕೈಲಿ ವಾಪಸ್ ಮಾಡಿಸುವ ಮುದುಕಿಯರು ಹಲಗೂರಿನಲ್ಲಿ ಅಮ್ಮ ಒಬ್ಬಳೇ ಅಲ್ಲ. ಒಬ್ಬ ಮನುಷ್ಯನಿಗೆ ಒಂದು ಫೋನು ಎಂಬ ನಗರದ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

ಹಾಗೆಂದು ಮೂಗು ಮುರಿಯಲಾರೆ. ಹತ್ತು ಅಂಕಿಗಳು ಈಗ ಬರೀ ಮಾತಾಡುವುದಕ್ಕಲ್ಲ. ಅದನ್ನು ಸೇವ್ ಮಾಡಿಕೊಂಡರೆ ವಾಟ್ಸ್‌ಆ್ಯಪಿನಲ್ಲಿ ಮುಖ ಕಾಣಬಹುದು; ದುಡ್ಡು ಕಳಿಸುವ ಆ್ಯಪಿನಲ್ಲಿ ಹಾಕಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬರುತ್ತದೆ. ಹೆಸರು ಸಿಕ್ಕರೆ ಫೇಸ್‌ಬುಕ್ಕು, ಫೇಸ್‌ಬುಕ್ಕಿನಲ್ಲಿ ತಮ್ಮನ ಮದುವೆ, ಮದುವೆಯಲ್ಲಿ ಊರು. ನಮ್ಮ ಕೇರಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಕ್ಯಾಬಿನಲ್ಲಿ ಹಾಸ್ಟೆಲಿಗೆ ಹೋಗುತ್ತಾಳೆ. ಮೊದಲೊಮ್ಮೆ ಡ್ರೈವರಿಗೆ ನೇರ ನಂಬರು ಕೊಟ್ಟಿದ್ದಕ್ಕೆ ಒಂದು ವಾರ ಮಧ್ಯರಾತ್ರಿ 'ಹಾಯ್' ಬರುತ್ತಿತ್ತಂತೆ. ಆ ಹುಡುಗಿಯ ಮಟ್ಟಿಗೆ ಮಾಸ್ಕಿಂಗ್ ಎಂಬುದು ಚಿಲಕ. ರೀಚಾರ್ಜ್ ಅಂಗಡಿಯ ಪುಸ್ತಕದಲ್ಲಿ ತನ್ನ ನಂಬರು ತಾನೇ ಬರೆದು, ಪಕ್ಕದಲ್ಲಿ ನಿಂತವನು ಓದುತ್ತಿದ್ದಾನೇನೋ ಎಂದು ಕೈ ಅಡ್ಡ ಇಟ್ಟುಕೊಂಡ ಹೆಣ್ಣುಮಕ್ಕಳಿಗೆ ಈ ಚಿಲಕದ ಬೆಲೆ ವಿವರಿಸಬೇಕಾಗಿಲ್ಲ.

ಆದರೆ ಬಾಗಿಲಿಗೆ ಚಿಲಕ ಹಾಕಿ ಕಿಟಕಿ ತೆಗೆದಿಟ್ಟವರೂ ಇದ್ದಾರೆ. ಅವತ್ತು ಹುಡುಗ ಕೊಟ್ಟ ಡಬ್ಬ ತಿರುಗಿಸಿ ನೋಡಿದೆ. ಮೇಲೆ ಅಂಟಿಸಿದ ಬಿಳಿ ಚೀಟಿಯಲ್ಲಿ ಅಮ್ಮನ ಹೆಸರು, ಬೀದಿ, ಗುರುತಿಗೆ ದೇವಸ್ಥಾನ, ಕೊನೆಯಲ್ಲಿ ಹತ್ತೂ ಅಂಕಿಗಳ ಮೊಬೈಲು ನಂಬರು, ದಪ್ಪ ಅಕ್ಷರದಲ್ಲಿ. ಕರೆಯಲ್ಲಿ ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನು ರಟ್ಟಿನ ಮೇಲೆ ಅಚ್ಚು ಹಾಕಿ ಕೊಟ್ಟಿದ್ದರು.

ದನದ ಜಾತ್ರೆಗೆ ಹೋದವರಿಗೆ ಟವೆಲ್ಲಿನ ವ್ಯಾಪಾರ ಗೊತ್ತು. ಮುಡುಕುತೊರೆಯಲ್ಲಿ ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ನೋಡಿದ್ದೇನೆ. ದಲ್ಲಾಳಿ ಕೈ ಮೇಲೆ ಟವೆಲ್ ಹಾಕುತ್ತಾನೆ, ಅಡಿಯಲ್ಲಿ ಅಪ್ಪನ ಬೆರಳು ಹಿಡಿಯುತ್ತಾನೆ, ಬಿಡುತ್ತಾನೆ. ಆಮೇಲೆ ಕೊಳ್ಳುವವನ ಬೆರಳು. ಸುತ್ತ ನಿಂತವರಿಗೆ ರೇಟು ಗೊತ್ತಾಗುವುದಿಲ್ಲ. ಮಾರುವವನಿಗೆ ಕೊಳ್ಳುವವನ ಮಾತು ಪೂರ್ತಿ ಗೊತ್ತಾಗುವುದಿಲ್ಲ, ಕೊಳ್ಳುವವನಿಗೆ ಮಾರುವವನದೂ ಅಷ್ಟೆ. ಎರಡೂ ಕೈ ಹಿಡಿದವನಿಗೆ ಎಲ್ಲ ಗೊತ್ತು. ಟವೆಲ್ಲು ಎಲ್ಲರಿಂದಲೂ ಮರೆಮಾಡುತ್ತದೆ, ದಲ್ಲಾಳಿಯೊಬ್ಬನನ್ನು ಬಿಟ್ಟು.

ಮಾಸ್ಕಿಂಗ್ ಬಗ್ಗೆ ನನ್ನ ತಕರಾರು ಇದೇ. ಇಬ್ಬರ ಅಸಲಿ ನಂಬರೂ, ಯಾವಾಗ ಮಾತಾಡಿದರು, ಎಷ್ಟು ಹೊತ್ತು ಎಂಬುದೂ ನಡುವಿನವನ ಬಳಿ ಇದೆ; ಕೆಲವು ಕಡೆ ಮಾತೇ ರೆಕಾರ್ಡಾಗಿ ಇದೆ. ಹುಡುಗನ ಹತ್ತಿರ ಇದ್ದರೆ ಒಂದು ನಂಬರು, ಇವರ ಹತ್ತಿರ ಕೋಟಿ. ಇನ್ನೊಂದನ್ನೂ ಹೇಳಿಬಿಡಬೇಕು. ಮುಚ್ಚುವುದರಲ್ಲಿ ಲಾಭದ ಲೆಕ್ಕವಿದೆ. ಬೆಂಗಳೂರಿನಲ್ಲಿ ಕ್ಯಾಬು ಓಡಿಸುವ ನಮ್ಮೂರಿನ ಹುಡುಗರನ್ನು ಕೇಳಿ. ಮೊದಲು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿದ್ದವನಿಗೆ ಖಾಯಂ ಗಿರಾಕಿ ಇರುತ್ತಿದ್ದರು. ತಿಂಗಳಿಗೊಮ್ಮೆ ಡಾಕ್ಟರ ಬಳಿ ಹೋಗುವ ಅಜ್ಜ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವ ಸಂಸಾರ. ನಂಬರೇ ಆಸ್ತಿ. ಈಗ ಬಾಡಿಗೆ ಮುಗಿದ ಕೂಡಲೇ ಆಸ್ತಿ ಕರಗುತ್ತದೆ. ಡ್ರೈವರೂ ಗಿರಾಕಿಯೂ ನೇರ ಮಾತಾಡಿಕೊಂಡರೆ ಕಮಿಷನ್ ಎಲ್ಲಿಂದ ಬರಬೇಕು? ಹಿಂದಿನ ಸೀಟಿನಲ್ಲಿ ಯಾರೋ ಮರೆತ ಟಿಫನ್ ಕ್ಯಾರಿಯರನ್ನು ವಾಪಸ್ ಮಾಡಲು ನಮ್ಮ ಚಿಕ್ಕಪ್ಪನ ಮಗ ಎರಡು ದಿನ ಒದ್ದಾಡಿದ. ನಂಬರು ಸತ್ತಿತ್ತು. ಕಡೆಗೆ ಕ್ಯಾರಿಯರ್ ಹಲಗೂರಿಗೇ ಬಂತು. ಅದರಲ್ಲಿ ಚಿಕ್ಕಮ್ಮ ಈಗಲೂ ಉಪ್ಪಿನಕಾಯಿ ಹಾಕುತ್ತಾಳೆ.

ಇದೇ ಯಂತ್ರವನ್ನು ತಿರುವುಹಾಕಿದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರೇ ಸಾಕ್ಷಿ. ಮಿಸ್ಡ್ ಕಾಲ್ ಕೊಡುವುದು ನಮ್ಮ ಜನರ ಸ್ವಂತ ಸಂಶೋಧನೆ: ಒಂದು ರಿಂಗಾದರೆ 'ಬಸ್ಸು ಹತ್ತಿದೆ', ಎರಡಾದರೆ 'ಇಳಿದೆ'. ಖರ್ಚು ಸೊನ್ನೆ. ಅದನ್ನೇ ದಂಧೆ ಮಾಡಿ 2010ರಲ್ಲಿ ಜಿಪ್‌ಡಯಲ್ ಶುರುವಾಯಿತು, 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡಿತು. ಇಂಥ ನಂಬರಿಗೆ ಕರೆದರೆ ಅದು ಎತ್ತದೆ ಕಟ್ ಮಾಡುತ್ತದೆ. ನೀವು ಕಾಸು ಉಳಿಯಿತು ಅಂದುಕೊಳ್ಳುತ್ತೀರಿ. ನಿಮ್ಮ ನಂಬರು ಮಾತ್ರ ಅಲ್ಲಿ ಉಳಿದುಕೊಂಡಿತು. ಕ್ರಿಕೆಟ್ ಸ್ಕೋರು, ಸೋಪಿನ ಬಹುಮಾನ, ಪಕ್ಷದ ಸದಸ್ಯತ್ವ, ಎಲ್ಲದಕ್ಕೂ ಇದೇ ದಾರಿ. ಮರೆಮಾಡುವ ಯಂತ್ರವೂ ಬಾಚಿಕೊಳ್ಳುವ ಯಂತ್ರವೂ ಒಂದೇ ಎಂದು ಮಾರುವವರ ಜಾಹೀರಾತಿನಲ್ಲಿ ಇರುವುದಿಲ್ಲ.

ಇನ್ನು ಸರ್ಕಾರ. ಇಂಟರ್‌ನೆಟ್ಟಿನಿಂದ ಮಾಮೂಲಿ ಫೋನಿಗೆ ಕರೆ ಹೋಗುವುದೆಂದರೆ ದೆಹಲಿಗೆ ಮೊದಲಿನಿಂದಲೂ ಗುಮಾನಿ. ಸ್ಕೈಪ್ ಕೂಡ 2014ರ ನವೆಂಬರ್ 10ರಿಂದ ಭಾರತದೊಳಗಿನ ಫೋನುಗಳಿಗೆ ಇಲ್ಲಿಂದ ಕರೆ ಮಾಡುವ ಸೇವೆ ನಿಲ್ಲಿಸಿತು. 2018ರಲ್ಲಿ ಬಾಗಿಲು ಸ್ವಲ್ಪ ತೆರೆದ ಮೇಲೆ ಬಿಎಸ್ಎನ್ಎಲ್ 'ವಿಂಗ್ಸ್' ತಂದಿತು. ಆಗ ವರ್ಷಕ್ಕೆ 1,099 ರೂಪಾಯಿ, ಮೇಲೆ ತೆರಿಗೆ, ಸಿಮ್ಮಿಲ್ಲದೆ ಆ್ಯಪಿನಲ್ಲೇ ಹತ್ತಂಕಿಯ ನಂಬರು. ನಮ್ಮೂರಿನಲ್ಲಿ ಅದನ್ನು ಹಾಕಿಸಿಕೊಂಡವರನ್ನು ನಾನು ಕಂಡಿಲ್ಲ. ಗುಮಾನಿಗೆ ಕಾರಣವೂ ಇಲ್ಲದಿಲ್ಲ. 2021ರ ಜೂನಿನಲ್ಲಿ ಬೆಂಗಳೂರು ಪೊಲೀಸರು ಸೇನೆಯ ಗುಪ್ತಚರರ ಸುಳಿವು ಹಿಡಿದು ದಾಳಿ ಮಾಡಿದಾಗ 32 ಸಿಮ್ ಬಾಕ್ಸುಗಳಲ್ಲಿ 960 ಸಿಮ್ಮುಗಳು ಸಿಕ್ಕವು. ಹೊರದೇಶದ ಇಂಟರ್‌ನೆಟ್ ಕರೆಗೆ ಊರಿನ ನಂಬರಿನ ಮುಖವಾಡ ತೊಡಿಸುವ ಕಾರ್ಖಾನೆ ಅದು. 2023ರ ಬೇಸಿಗೆಯಲ್ಲಿ ವಿಯೆಟ್ನಾಂ, ಇಂಡೋನೇಷ್ಯಾ, ಇಥಿಯೋಪಿಯಾ ಕೋಡಿನ ನಂಬರುಗಳು ವಾಟ್ಸ್‌ಆ್ಯಪಿನಲ್ಲಿ ಎಡೆಬಿಡದೆ ರಿಂಗಾದದ್ದು ನೆನಪಿರಬಹುದು. ಕೋಡು ಇಥಿಯೋಪಿಯಾದ್ದು ಎಂದ ಮಾತ್ರಕ್ಕೆ ಮಾತಾಡುವವನು ಅಲ್ಲಿ ಕೂತಿರಬೇಕೆಂದಿಲ್ಲ.

ಆದ್ದರಿಂದ ಈಗ ಗಾಳಿ ತಿರುಗಿ ಬೀಸುತ್ತಿದೆ: ಮುಖ ತೋರಿಸಿ. ಜಾಹೀರಾತಿನವರಿಗೆ 140ರ ಸರಣಿ, ಬ್ಯಾಂಕುಗಳ ಸೇವಾ ಕರೆಗೆ 1600ರ ಸರಣಿ. ಕರೆದವರ ಹೆಸರು ತೆರೆಯ ಮೇಲೆ ಬರಲಿ ಎಂದು 2024ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಶಿಫಾರಸು ಮಾಡಿತು. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಬರೆದ ಹೆಸರು. ನಮ್ಮ ಕಡೆ ಅರ್ಧ ಹೆಂಗಸರ ಸಿಮ್ಮು ಗಂಡನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇರುತ್ತದೆ. ಅಮ್ಮನ ಸಿಮ್ಮು ತೀರಿಹೋದ ಅಪ್ಪನ ಹೆಸರಿನಲ್ಲಿದೆ. ಅವಳು ಅಕ್ಕನಿಗೆ ಫೋನು ಮಾಡಿದರೆ ಅಪ್ಪ ಕರೆಯುತ್ತಾನೆ. ಟೆಲಿಕಾಂ ಕಂಪನಿಗಳು ಕರೆ ವಿವರಗಳನ್ನು ಎರಡು ವರ್ಷ ಇಟ್ಟುಕೊಳ್ಳಬೇಕು ಎಂದು 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ಷರತ್ತು ಬದಲಾಯಿತು. ಅಂದರೆ ಪೊಲೀಸರ ಮುಂದೆ ಮಾಸ್ಕು ಕಳಚಲೇಬೇಕು, ಅದು ಸರಿಯೇ. ನಡುವಿನ ದಲ್ಲಾಳಿ ಏನೇನು ಇಟ್ಟುಕೊಳ್ಳಬಹುದು, ಯಾವಾಗ ಅಳಿಸಬೇಕು ಎಂದು ಹೇಳಬೇಕಾದ್ದು 2023ರ ವೈಯಕ್ತಿಕ ದತ್ತಾಂಶ ಕಾಯ್ದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಅದೂ ಕಂತಿನಲ್ಲಿ ಜಾರಿ.

ನಮ್ಮಂಥವರು ತಾವಾಗಿ ಒಂದು ಮರೆನಂಬರು ಇಟ್ಟುಕೊಳ್ಳಬಹುದೇ? ಮನೆಯಲ್ಲಿ ರವಿಕೆ ಹೊಲಿದು ವಾಟ್ಸ್‌ಆ್ಯಪಿನಲ್ಲಿ ಮಾರುವ ನನ್ನ ಅತ್ತಿಗೆಗೆ ಇದೇ ಬೇಕಿತ್ತು. ಕ್ಲೌಡ್ ಟೆಲಿಫೋನಿ ಕಂಪನಿಗಳ ಕಣ್ಣು ದೊಡ್ಡ ವ್ಯಾಪಾರದ ಮೇಲೆ. ಕಾಗದಪತ್ರ, ತಿಂಗಳ ಬಾಡಿಗೆ, ಎಲ್ಲ ಅದಕ್ಕೆ ತಕ್ಕಂತೆ. ಪುಕ್ಕಟೆ ಅಮೆರಿಕದ ನಂಬರು ಕೊಡುವ ವೆಬ್‌ಸೈಟುಗಳನ್ನು ಬೇಡವೆಂದೆ. ಅಲ್ಲಿ ಒಂದೇ ನಂಬರಿಗೆ ಬಂದ ಮೆಸೇಜುಗಳು ಎಲ್ಲರಿಗೂ ತೆರೆದಿರುತ್ತವೆ. ನಿಮ್ಮ ಒಟಿಪಿಯನ್ನು ಊರ ಬಾವಿಕಟ್ಟೆಯಲ್ಲಿ ಒಣಗಹಾಕಿದ ಹಾಗೆ. ಕಡೆಗೆ ಅವಳು ಮುತ್ತತ್ತಿ ರಸ್ತೆಯ ಅಂಗಡಿಯಲ್ಲಿ ಎರಡನೇ ಸಿಮ್ಮು ಕೊಂಡಳು. ಎರಡು ಸಿಮ್ಮಿನ ಫೋನು. ಒಂದು ಗಿರಾಕಿಗೆ, ಒಂದು ತವರಿಗೆ. ರಾತ್ರಿ ಎಂಟಕ್ಕೆ ಗಿರಾಕಿಯ ಸಿಮ್ಮನ್ನು ಆಫ್ ಮಾಡುತ್ತಾಳೆ. ನಡುವೆ ದಲ್ಲಾಳಿ ಇಲ್ಲದ ಮಾಸ್ಕಿಂಗ್ ಇದೊಂದೇ ನಾನು ನೋಡಿರುವುದು, ಟೆಲಿಕಾಂ ಕಂಪನಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಅವತ್ತು ಡಬ್ಬ ಕೊಟ್ಟ ಹುಡುಗ ಹೋಗುವ ಮೊದಲು ಅಮ್ಮನ ಪೆನ್ನು ಇಸಿದುಕೊಂಡು, "ಇನ್ಮೇಲಿಂದ ಇದ್ರಿಂದ್ಲೇ ಮಾಡ್ತೀನಿ ಕನಮ್ಮ, ಎತ್ತು" ಎಂದು ತನ್ನ ನಂಬರು ಬರೆದುಕೊಟ್ಟ. ಕಂಪನಿಗೆ ಗೊತ್ತಾದರೆ ಬೈತಾರೆ ಎಂದೂ ಹೇಳಿದ. ಅಮ್ಮ ಅದನ್ನು ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಅಂಚಿನಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದಾಳೆ, ಗ್ಯಾಸಿನವನ ನಂಬರಿನ ಕೆಳಗೆ, ಪೂಜಾರಿಯವರ ನಂಬರಿನ ಮೇಲೆ. ಹೆಸರು ಕೇಳಲು ಮರೆತಿದ್ದರಿಂದ 'ಡಬ್ಬದ ಹುಡ್ಗ' ಎಂದಿದೆ.