ಜಗತ್ತಿನ ಸುದ್ದಿ ಯಾರ ಬಾಯಲ್ಲಿ?

ಸಂಜೆ ಏಳರ ನಂತರ ನಮ್ಮ ಆದಿವಾಲದ ಯಾವ ಬೀದಿಯಲ್ಲಿ ನಡೆದರೂ ಮನೆಗಳ ಒಳಗಿನಿಂದ ಒಂದೇ ಬಗೆಯ ಸದ್ದು ಕೇಳಿಸುತ್ತದೆ. ಅರ್ಧ ಯುದ್ಧದ ಕಹಳೆ, ಅರ್ಧ ಆಂಬುಲೆನ್ಸಿನ ಸೈರನ್. ಧಾರಾವಾಹಿಯ ಸದ್ದು ಮನೆಯಿಂದ ಮನೆಗೆ ಬೇರೆಯಾಗುತ್ತದೆ, ಸುದ್ದಿಯ ಸದ್ದು ಮಾತ್ರ ವಾಹಿನಿ ಯಾವುದಾದರೂ ಒಂದೇ. ಹೆದ್ದಾರಿಯ ಲಾರಿಗಳ ಹಾರ್ನಿಗೂ ಅದು ಸೋಲುವುದಿಲ್ಲ. ಉಕ್ರೇನ್, ಗಾಜಾ, ಇರಾನ್, ತೈವಾನ್ ಎಂಬ ಹೆಸರುಗಳೆಲ್ಲ ಈಚಿನ ವರ್ಷಗಳಲ್ಲಿ ಈ ಸದ್ದಿನ ಜೊತೆಗೇ ನಮ್ಮೂರಿಗೆ ಬಂದಿವೆ. ನಿರೂಪಕರ ಬೆನ್ನ ಹಿಂದೆ ಕಂಪ್ಯೂಟರಿನಲ್ಲಿ ಬಿಡಿಸಿದ ಕ್ಷಿಪಣಿ ಹಾರುತ್ತದೆ. ಸ್ಟುಡಿಯೋದ ನೆಲದ ಮೇಲೆ ಟ್ಯಾಂಕ್ ಓಡಾಡುತ್ತದೆ. ಮೂರನೇ ಮಹಾಯುದ್ಧಕ್ಕೆ ಕ್ಷಣಗಣನೆ ಎಂಬ ಅಕ್ಷರಗಳು ಬೆಂಕಿಯಲ್ಲಿ ಉರಿಯುತ್ತವೆ. ಆ ಕ್ಷಣಗಣನೆ ಎಷ್ಟು ಸಲ ಶುರುವಾಗಿದೆಯೋ, ಯಾವಾಗ ನಿಂತಿತೋ, ಲೆಕ್ಕ ಇಟ್ಟವರಿಲ್ಲ.

ಕಥೆ ಬರೆಯುವವರಿಗೆ ಒಂದು ಚಾಳಿ ಇರುತ್ತದೆ. ಯಾರಾದರೂ ಏನಾದರೂ ಹೇಳುತ್ತಿದ್ದರೆ, ಹೇಳುತ್ತಿರುವವರು ಎಲ್ಲಿ ನಿಂತಿದ್ದಾರೆ, ಅದನ್ನು ಅವರು ಕಂಡದ್ದೇ ಅಥವಾ ಕೇಳಿದ್ದೇ ಎಂದು ಮನಸ್ಸು ತಾನಾಗಿಯೇ ಹುಡುಕತೊಡಗುತ್ತದೆ. ಟಿ.ವಿ. ಮುಂದೆ ಕುಳಿತಾಗಲೂ ನನ್ನದು ಇದೇ ಪಾಡು. ಕನ್ನಡ ವಾಹಿನಿಗಳ ವಿದೇಶಿ ಸುದ್ದಿ ನೋಡುವಾಗಂತೂ ಈ ಪ್ರಶ್ನೆಗೆ ಬಹುಪಾಲು ಉತ್ತರವೇ ಸಿಗುವುದಿಲ್ಲ. ಚಿತ್ರ ಯಾವುದೋ ವಿದೇಶಿ ಸಂಸ್ಥೆಯದ್ದು ಅಥವಾ ಮೊಬೈಲಿನಿಂದ ಎತ್ತಿಕೊಂಡದ್ದು. ಮಾತು ಬೆಂಗಳೂರಿನ ಸ್ಟುಡಿಯೋದ್ದು. ಇವೆರಡರ ನಡುವೆ ಕಣ್ಣಿನಿಂದ ಕಂಡ ಮನುಷ್ಯ ಒಬ್ಬನೂ ಇಲ್ಲ.

ನಾನು ಜಗತ್ತಿನ ಸುದ್ದಿ ಕೇಳಲು ಕಲಿತದ್ದು ಟಿ.ವಿ.ಯಿಂದಲ್ಲ, ಅಬ್ಬಾ ಅವರ ಗ್ಯಾರೇಜಿನ ರೇಡಿಯೋದಿಂದ. ರಾತ್ರಿ ಬಿಬಿಸಿ ಉರ್ದುವಿನ ‘ಸೈರ್‌ಬೀನ್’ ಶುರುವಾದರೆ ಅವರು ಸ್ಪ್ಯಾನರ್ ಕೆಳಗಿಡುತ್ತಿದ್ದರು. ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು ಕಲಿತ ನನಗೆ ಆ ರೇಡಿಯೋ ಮೂರನೆಯ ಶಾಲೆ. ಅಬ್ಬಾ ನನಗೆ ಒಂದು ಸಂಗತಿ ತೋರಿಸಿಕೊಟ್ಟರು. ಉರ್ದುವಿನಲ್ಲಿ ದಾಳಿಯಲ್ಲಿ ಸತ್ತವರಿಗೆ ಮೂರು ಪದಗಳಿವೆ. ಹಲಾಕ್ ಎಂದರೆ ಬರೀ ಸಾವು, ಅದರಲ್ಲಿ ಗೌರವವಿಲ್ಲ. ಜಾಂ ಬಹಕ್ ಎಂದರೆ ಜೀವವನ್ನು ದೇವರಿಗೊಪ್ಪಿಸಿದವರು, ಅದರಲ್ಲಿ ಮರುಕವಿದೆ. ಶಹೀದ್ ಎಂದರೆ ಹುತಾತ್ಮ. ಲಂಡನ್ನಿನಿಂದ ಓದುವವರು ಹೆಚ್ಚಾಗಿ ಎಲ್ಲರಿಗೂ ಹಲಾಕ್ ಎನ್ನುತ್ತಿದ್ದರು. ಪಾಕಿಸ್ತಾನದ ಕೇಂದ್ರ ಸಿಕ್ಕರೆ ತಮ್ಮ ಸೈನಿಕ ಶಹೀದ್, ಎದುರಿನವನು ಹಲಾಕ್. “ಇವನು ಹಲಾಕ್ ಅಂತಾನೆ, ಅವನು ಶಹೀದ್ ಅಂತಾನೆ, ಸತ್ತವನು ಒಬ್ಬನೇ ಅಲ್ಲವೇನೋ” ಎಂದು ಅಬ್ಬಾ ದಖನಿಯಲ್ಲಿ ಗೊಣಗುತ್ತಿದ್ದರು. ಅವರಿಗೆ ಲಂಡನ್ನಿನ ಪದವೂ ಪೂರ್ತಿ ಸಮಾಧಾನ ಕೊಡುತ್ತಿರಲಿಲ್ಲ, ಅದು ಒಣಕಲು ಎನ್ನುತ್ತಿದ್ದರು. ಆದರೆ ಒಣಕಲು ಪದ ಯಾರ ಕಡೆಗೂ ವಾಲುವುದಿಲ್ಲ ಎಂಬ ಕಾರಣಕ್ಕೆ ಕೇಂದ್ರ ಮಾತ್ರ ಬದಲಿಸುತ್ತಿರಲಿಲ್ಲ.

ಇನ್ನು ಟಿ.ವಿ. 1988ರ ಕೊನೆಯಲ್ಲಿ ದೂರದರ್ಶನದಲ್ಲಿ ಪ್ರಣಯ್ ರಾಯ್ ಅವರ ‘ದಿ ವರ್ಲ್ಡ್ ದಿಸ್ ವೀಕ್’ ಆರಂಭವಾಯಿತು. ಶುಕ್ರವಾರ ರಾತ್ರಿ, ಇಂಗ್ಲಿಷಿನಲ್ಲಿ. ನಮ್ಮ ಪಕ್ಕದ ಮನೆಯ ಹಜಾರದಲ್ಲಿ ಕುಳಿತು ನೋಡುತ್ತಿದ್ದ ಹನ್ನೆರಡು ಹದಿಮೂರು ಮಂದಿಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಒಬ್ಬ ಮೇಷ್ಟ್ರಿಗೆ ಮಾತ್ರ. ಆದರೂ 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆಯ ಮೇಲೆ ಹತ್ತಿ ಜನ ಸುತ್ತಿಗೆಯಿಂದ ಹೊಡೆಯುವುದನ್ನು ಆದಿವಾಲದ ಹುಡುಗರು ನೋಡಿದರು. ಗೋಡೆ ಏಕೆ ಕಟ್ಟಿದ್ದರು ಎಂದು ಮೇಷ್ಟ್ರು ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ವಿವರಿಸಿದರು. ಈಗ ಯೋಚಿಸಿದರೆ ಆ ಕಾರ್ಯಕ್ರಮದ ಗುಣ ಇದ್ದದ್ದು ಅದರ ಹೆಸರಿನಲ್ಲೇ. ಅದು ವಾರಕ್ಕೊಮ್ಮೆ ಬರುತ್ತಿತ್ತು. ಆ ವೇಳೆಗೆ ಗದ್ದಲ ತಗ್ಗಿರುತ್ತಿತ್ತು, ಸುಳ್ಳು ಒಂದಿಷ್ಟು ಉದುರಿರುತ್ತಿತ್ತು. ಕಳೆದ ವಾರ ಹೇಳಿದ್ದು ಈ ವಾರ ಏನಾಯಿತು ಎಂದು ಹಿಂತಿರುಗಿ ನೋಡುವ ಪುರುಸೊತ್ತಿತ್ತು. 1995ರವರೆಗೆ ನಡೆದ ಆ ಬಗೆಯ ಕಾರ್ಯಕ್ರಮ ಕನ್ನಡದಲ್ಲಿ ಬೇರೂರಿ ನಿಲ್ಲಲಿಲ್ಲ ಎಂಬುದು ನನ್ನ ಹಳೆಯ ಕೊರಗು.

1991ರ ಜನವರಿ 17ರಂದು ಬಾಗ್ದಾದಿನ ಮೇಲೆ ಬಾಂಬು ಬಿದ್ದ ರಾತ್ರಿಯನ್ನು ಟಿ.ವಿ. ಯುದ್ಧದ ಮೊದಲ ರಾತ್ರಿ ಎಂದು ಎಲ್ಲರೂ ಬರೆಯುತ್ತಾರೆ. ತಮಾಷೆಯೆಂದರೆ ಅಂದು ಸಿಎನ್‌ಎನ್‌ನ ಬರ್ನಾರ್ಡ್ ಶಾ, ಪೀಟರ್ ಆರ್ನೆಟ್, ಜಾನ್ ಹಾಲಿಮನ್ ಮೂವರೂ ಅಲ್ ರಶೀದ್ ಹೋಟೆಲಿನಿಂದ ಕಳಿಸಿದ್ದು ಬರೀ ದನಿ. ಪರದೆಯ ಮೇಲೆ ನಕ್ಷೆ ಮತ್ತು ಅವರ ಭಾವಚಿತ್ರ, ಅಷ್ಟೇ. ಅಂದರೆ ಜಗತ್ತನ್ನು ಬೆರಗುಗೊಳಿಸಿದ ಆ ಟಿ.ವಿ. ವರದಿ ಅಸಲಿಗೆ ರೇಡಿಯೋ. ಕಿಟಕಿಯ ಬಳಿ ನಿಂತು ಕಂಡದ್ದನ್ನು ಹೇಳುವ ಮನುಷ್ಯರಿದ್ದರು, ಅದಕ್ಕೇ ನಂಬಿಕೆ ಬಂತು. ಆಮೇಲೆ ದೃಶ್ಯಗಳು ಬಂದವು, ಅವು ಸೇನಾಧಿಕಾರಿಗಳು ಕೊಟ್ಟ ದೃಶ್ಯಗಳು. ವಿಮಾನದಿಂದ ಕಾಣುವ ಕಟ್ಟಡ, ಅದರ ಮೇಲೊಂದು ಗೆರೆ, ಸದ್ದಿಲ್ಲದ ಹೊಗೆ. ಫೆಬ್ರವರಿ 13ರಂದು ಅಮೀರಿಯಾ ಎಂಬಲ್ಲಿ ಆಶ್ರಯತಾಣದ ಮೇಲೆ ಬಾಂಬು ಬಿದ್ದು 400ಕ್ಕೂ ಹೆಚ್ಚು ನಾಗರಿಕರು ಸುಟ್ಟುಹೋದ ಮೇಲೆಯೇ ಆ ಗೆರೆಯ ಕೆಳಗೆ ಏನಿರುತ್ತದೆ ಎಂದು ನೋಡುಗರಿಗೆ ತಿಳಿದದ್ದು.

2003ರ ಏಪ್ರಿಲ್ 9ರ ದೃಶ್ಯ ನಿಮಗೂ ನೆನಪಿರಬಹುದು. ಫಿರ್ದೌಸ್ ಚೌಕದಲ್ಲಿ ಸದ್ದಾಮನ ಪ್ರತಿಮೆ ಉರುಳಿದ್ದು. ಹತ್ತಿರದಿಂದ ತೆಗೆದ ಚೌಕಟ್ಟಿನಲ್ಲಿ ನಗರಕ್ಕೆ ನಗರವೇ ಕುಣಿಯುತ್ತಿರುವಂತೆ ಕಂಡಿತು. ದೂರದಿಂದ ತೆಗೆದ ಚಿತ್ರಗಳಲ್ಲಿ ಚೌಕದ ಬಹುಭಾಗ ಖಾಲಿ, ಪ್ರತಿಮೆಯನ್ನು ಎಳೆಯುತ್ತಿದ್ದುದು ಅಮೆರಿಕದ ಸೇನೆಯ ವಾಹನ. ಹಿಂದಿನ ದಿನವಷ್ಟೇ ಅಲ್ ಜಝೀರಾದ ಬಾಗ್ದಾದ್ ಕಚೇರಿಯ ಮೇಲೆ ಬಾಂಬು ಬಿದ್ದು ವರದಿಗಾರ ತಾರಿಖ್ ಅಯ್ಯೂಬ್ ಸತ್ತಿದ್ದರು. ಅದೇ ದಿನ ಚೌಕದ ಪಕ್ಕದಲ್ಲೇ ಇದ್ದ ಪ್ಯಾಲೆಸ್ಟೈನ್ ಹೋಟೆಲಿಗೆ ಟ್ಯಾಂಕಿನ ಗುಂಡು ಬಡಿದು ಇಬ್ಬರು ಕ್ಯಾಮೆರಾಮನ್‌ಗಳು ಸತ್ತಿದ್ದರು. ಪ್ರತಿಮೆಯ ಚಿತ್ರ ಮತ್ತೆ ಮತ್ತೆ ಬಂತು. ಇವರ ಸಾವು ಬಂದು ಹೋಯಿತು.

ಚೌಕಟ್ಟಿನ ಈ ಮಾತು ನನಗೆ ನಿಜವಾಗಿ ಅರ್ಥವಾದದ್ದು ಬಾಗ್ದಾದಿನಿಂದಲ್ಲ, ನಮ್ಮ ಮಾರಿಕಣಿವೆಯಿಂದ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿತ್ತು. 1933ರ ನಂತರ, 89 ವರ್ಷಗಳ ಮೇಲೆ. ನಾವೆಲ್ಲ ಹಬ್ಬದಂತೆ ಹೋಗಿ ನೋಡಿದೆವು. ಕ್ಯಾಮೆರಾಗಳೂ ಬಂದವು. ಎಲ್ಲವೂ ನಿಂತದ್ದು ಕೋಡಿಯ ಎದುರು, ಒಂದೇ ಜಾಗದಲ್ಲಿ. ಹಿನ್ನೀರಿನಲ್ಲಿ ತೋಟ ಮುಳುಗಿದವರ ಕಡೆಗೆ, ವೇದಾವತಿಯ ದಡದಲ್ಲಿ ನೀರು ನುಗ್ಗಿದ ಮನೆಗಳ ಕಡೆಗೆ ತಿರುಗಿದ ಕ್ಯಾಮೆರಾ ಕಡಿಮೆ. ತೋರಿಸಿದ್ದು ಸುಳ್ಳಲ್ಲ, ಕೋಡಿ ಬಿದ್ದದ್ದು ನಿಜ, ನಮ್ಮ ಸಂತೋಷವೂ ನಿಜ. ಆದರೆ ಊರಿನವನಾದ್ದರಿಂದ ಚೌಕಟ್ಟಿನ ಆಚೆ ಏನಿದೆ ಎಂದು ನನಗೆ ಗೊತ್ತಿತ್ತು. ಬಾಗ್ದಾದಿನ ಚೌಕಟ್ಟಿನ ಆಚೆ ಏನಿದೆ ಎಂದು ಹೇಳಲು ನಮ್ಮ ಹಜಾರದಲ್ಲಿ ಬಾಗ್ದಾದಿನವರು ಯಾರಿದ್ದರು?

ಅಲ್ ಜಝೀರಾದ ಮೇಲೆ ನನಗೆ ಗೌರವ ಮೂಡಿದ್ದು ಈ ಕಾರಣಕ್ಕೆ. 1996ರ ನವೆಂಬರ್ 1ರಂದು ಅರಬಿಯಲ್ಲಿ, 2006ರಲ್ಲಿ ಇಂಗ್ಲಿಷಿನಲ್ಲಿ ಶುರುವಾದ ಈ ವಾಹಿನಿ ಬಾಂಬು ಬೀಳುವ ಊರಿನ ಒಳಗೆ, ಆ ಊರಿನವನನ್ನೇ ವರದಿಗಾರನಾಗಿ ನಿಲ್ಲಿಸಿತು. ಹಾಗೆಂದು ಅದನ್ನು ತಲೆಯ ಮೇಲಿಟ್ಟು ಕುಣಿಯಬೇಕಿಲ್ಲ. ಅದಕ್ಕೆ ಹಣ ಕೊಡುವುದು ಕತಾರಿನ ಸರ್ಕಾರ. ದೂರದ ದೊರೆಗಳ ಮೇಲೆ ಅದರ ನಾಲಿಗೆ ಇರುವಷ್ಟು ಹರಿತವಾಗಿ ದೋಹಾದ ಅರಮನೆಯ ಮೇಲೆ ಇರುವುದಿಲ್ಲ. ಅದರ ಅರಬಿ ವಾಹಿನಿ ಪ್ಯಾಲೆಸ್ಟೈನಿನ ಸತ್ತವರನ್ನು ಶಹೀದ್ ಎನ್ನುತ್ತದೆ, ಇಂಗ್ಲಿಷ್ ವಾಹಿನಿ ಹಾಗೆನ್ನುವುದಿಲ್ಲ. ಅಬ್ಬಾ ಬದುಕಿದ್ದರೆ ಒಂದೇ ಮನೆಯ ಈ ಎರಡು ಬಾಯಿಗಳನ್ನು ಕಂಡು ನಗುತ್ತಿದ್ದರು.

ಕನ್ನಡ ವಾಹಿನಿಗಳಿಗೆ ಬರೋಣ. ಅವು ಒಳ್ಳೆಯ ವಿದೇಶಿ ಸುದ್ದಿ ಕೊಟ್ಟೇ ಇಲ್ಲ ಎಂದರೆ ಅನ್ಯಾಯವಾದೀತು. 2022ರ ಫೆಬ್ರವರಿ ಕೊನೆಯ ವಾರ ಉಕ್ರೇನಿನಲ್ಲಿ ಸಿಕ್ಕಿಹಾಕಿಕೊಂಡ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ನೆಲಮಾಳಿಗೆಗಳಿಂದ, ಮೆಟ್ರೋ ನಿಲ್ದಾಣಗಳಿಂದ ಮೊಬೈಲಿನಲ್ಲಿ ಮಾತನಾಡಿದರಲ್ಲ, ಅದು ನನ್ನ ಪ್ರಕಾರ ಕನ್ನಡ ಟಿ.ವಿ.ಯಲ್ಲಿ ಬಂದ ಬಹಳ ಒಳ್ಳೆಯ ವಿದೇಶಿ ವರದಿ. ಚಿತ್ರ ಅಲುಗುತ್ತಿತ್ತು, ದನಿ ಕಡಿಯುತ್ತಿತ್ತು, ಯಾರ ಹಿಂದೆಯೂ ಬೆಂಕಿಯ ಅಕ್ಷರಗಳಿರಲಿಲ್ಲ. ಇಲ್ಲಿ ನೀರು ಮುಗಿದಿದೆ, ಶೌಚಾಲಯ ಒಂದೇ ಇದೆ, ಹೊರಗೆ ಹೋಗಲು ಭಯ ಎಂದು ಉತ್ತರ ಕರ್ನಾಟಕದ, ಮಲೆನಾಡಿನ, ನಮ್ಮ ಬಯಲುಸೀಮೆಯ ಕನ್ನಡದಲ್ಲಿ ಹೇಳುತ್ತಿದ್ದರು. ಯುದ್ಧವೆಂದರೆ ನೀರು, ಬ್ರೆಡ್ಡು, ಚಳಿ ಎಂದು ನಮ್ಮೂರಿನ ತಾಯಂದಿರಿಗೆ ಮೊದಲ ಸಲ ತಿಳಿಯಿತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ದಿನಸಿ ತರಲು ಹೋಗಿ ಶೆಲ್ ದಾಳಿಗೆ ಸತ್ತರು. ಆಮೇಲೆ ಕ್ಯಾಮೆರಾಗಳು ಚಳಗೇರಿಯ ಅಂಗಳಕ್ಕೆ ಬಂದವು, ಹಿನ್ನೆಲೆ ಸಂಗೀತ ಮರಳಿ ಬಂತು, ನೆಲಮಾಳಿಗೆಯ ಮಾತು ಹಿಂದೆ ಸರಿಯಿತು.

ಭಾಷೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಸತ್ತರು, ಮೃತಪಟ್ಟರು, ಅಸುನೀಗಿದರು, ಹತರಾದರು, ಬಲಿಯಾದರು ಎಂದು ಸಾವಿನ ಒಂದೊಂದು ಬಗೆಗೂ ಒಂದೊಂದು ಪದವಿರುವ ಕನ್ನಡ ಇದು. ವಾಹಿನಿಗಳಿಗೆ ಬೇಕಾದದ್ದು ಉಡೀಸ್, ಮಟಾಷ್, ಭಸ್ಮ, ಛಿದ್ರ ಛಿದ್ರ. ಊರಿಗೆ ಊರೇ ಉಡೀಸ್ ಎಂದು ಕಿರುಚುವಾಗ ಆ ಊರಿನಲ್ಲಿ ಮಕ್ಕಳ ಚಪ್ಪಲಿ, ಅರ್ಧ ತೊಳೆದ ಪಾತ್ರೆ ಇರುತ್ತದೆ ಎಂಬುದು ಆ ಪದದಲ್ಲಿ ಎಲ್ಲಿದೆ? ಅದು ಪಟಾಕಿಯ ಭಾಷೆ. ಚಂದನದ ವಾರ್ತೆಯನ್ನು ಸಪ್ಪೆ ಎಂದು ನಾವೆಲ್ಲ ನಕ್ಕಿದ್ದೇವೆ. ಸರ್ಕಾರದ ಮಾತನ್ನೇ ಅದು ಒಪ್ಪಿಸುತ್ತದೆ ಎಂಬ ದೂರು ಸುಳ್ಳೂ ಅಲ್ಲ. ಆದರೆ ಅಲ್ಲಿ ಸತ್ತವರನ್ನು ಉಡೀಸ್ ಎನ್ನುವುದಿಲ್ಲ.

ಮಾತಿಲ್ಲದೆ ಬರೀ ಚಿತ್ರವಾಗುವುದೆಂದರೆ ಹೇಗಿರುತ್ತದೆ ಎಂದು ನಮಗೆ 2020ರಲ್ಲಿ ಗೊತ್ತಾಯಿತು. ಏಪ್ರಿಲ್ ಮೊದಲ ವಾರ ನಮ್ಮ ಮನೆಗೆ ಹಾಲು ಹಾಕುವ ಹೆಂಗಸು ಬಾಗಿಲಿನವರೆಗೆ ಬರದೆ ರಸ್ತೆಯಲ್ಲೇ ನಿಂತು, “ನೀವೂ ಆ ದಿಲ್ಲಿಗೆ ಹೋಗಿದ್ರಾ ಅಣ್ಣ?” ಎಂದರು. ಹದಿನೈದು ವರ್ಷದಿಂದ ಹಾಲು ಹಾಕುತ್ತಿದ್ದವರು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ದಿಲ್ಲಿಯಿಂದ ಹೊರಟ ಕೆಂಪು ಬಾಣಗಳು ಒಂದೊಂದು ಊರಿಗೂ ಬಂದು ತಾಗುವ ನಕ್ಷೆಯನ್ನು ಆಕೆ ಟಿ.ವಿ.ಯಲ್ಲಿ ನೋಡಿದ್ದರು. ಯಾವ ವಾಹಿನಿ ಎಂದು ನಾನು ಕೇಳಲಿಲ್ಲ, ಕೇಳಿ ಏನಾಗಬೇಕಿತ್ತು? ಎರಡು ವಾರ ಹಾಲಿನ ಕ್ಯಾನು ರಸ್ತೆಯಲ್ಲೇ ನಿಂತಿತು.

ದಾಖಲೆಯಲ್ಲಿ ಇರುವುದು ಇಷ್ಟು. ಆ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ತಬ್ಲೀಗ್‌ಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಮಾಡುತ್ತ, ಅವರ ವಿರುದ್ಧ ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತೆಂದೂ ಅವರನ್ನು ಬಲಿಪಶು ಮಾಡಲಾಯಿತೆಂದೂ ಹೇಳಿತು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳದ್ದೇ ಸ್ವನಿಯಂತ್ರಣ ಸಂಸ್ಥೆಯಾದ ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿ ಇದೇ ವಿಷಯದ ಕಾರ್ಯಕ್ರಮಗಳಿಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿ, ಕ್ಷಮಾಪಣೆ ಪ್ರಸಾರ ಮಾಡುವಂತೆ ಆದೇಶಿಸಿತು. ಕಾರ್ಯಕ್ರಮಗಳು ಬಂದದ್ದು 2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ. ಆದೇಶ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ನಾನು ಪತ್ರಿಕೆಯಲ್ಲಿ ಓದಿ ಹಾಲಿನ ಆ ತಾಯಿಗೆ ಹೇಳಿದೆ. “ಹೌದಾ ಅಣ್ಣ, ನಾನು ನೋಡ್ಲೇ ಇಲ್ಲ” ಎಂದರು.

ಇಷ್ಟು ಹೇಳಿ ನಮ್ಮವರ ಬಗ್ಗೆ ಬಾಯಿ ಮುಚ್ಚಿಕೊಂಡರೆ ಈ ಬರಹಕ್ಕೆ ಬೆಲೆಯಿಲ್ಲ. 2023ರ ಅಕ್ಟೋಬರಿನ ನಂತರ ನಮ್ಮ ಮಸೀದಿ ಮುಂದಿನ ಹುಡುಗರ ಮೊಬೈಲುಗಳಲ್ಲಿ ನಾನು ಏನೇನು ನೋಡಿದ್ದೇನೆ! ಸಿರಿಯಾದ ಹಳೆಯ ದೃಶ್ಯಕ್ಕೆ ಗಾಜಾ ಎಂಬ ಹಣೆಪಟ್ಟಿ. ಎಲ್ಲಿಂದಲೋ ಉರ್ದುವಿನಲ್ಲಿ ಕಿರುಚುವ, ನಾಳೆ ಬೆಳಗಾದರೆ ಇಸ್ರೇಲ್ ಇರುವುದಿಲ್ಲ ಎಂದು ದಿನವೂ ಘೋಷಿಸುವ ಯೂಟ್ಯೂಬ್ ವಾಹಿನಿಗಳು. ಅದೂ ಕ್ಷಣಗಣನೆಯೇ, ಬಾಯಿ ಮಾತ್ರ ಬೇರೆ. ಆ ಕೆಂಪು ಬಾಣಗಳಿಂದ ನೊಂದವರು ಇನ್ನೊಬ್ಬರ ಮೇಲೆ ಬಾಣ ಬರೆಯುವ ಮುಂಚೆ ಒಂದು ಗಳಿಗೆ ನಿಲ್ಲಬೇಡವೇ? ಹುಡುಗರಿಗೆ ಹೇಳಿದರೆ, “ಸುಳ್ಳಾದ್ರೂ ಅಲ್ಲಿ ಆಗ್ತಿರೋದು ನಿಜ ಅಲ್ವಾ ಭಾಯ್” ಎನ್ನುತ್ತಾರೆ. ಆಗುತ್ತಿದ್ದುದು ನಿಜವಾದ್ದರಿಂದಲೇ ಸುಳ್ಳು ಚಿತ್ರ ಬೇಕಿರಲಿಲ್ಲ.

ನಿಜವಾದ ಚಿತ್ರ ಕಳಿಸುತ್ತಿದ್ದವರಿದ್ದರು. ಹೊರಗಿನ ಪತ್ರಕರ್ತರು ಸ್ವತಂತ್ರವಾಗಿ ಗಾಜಾದೊಳಗೆ ಹೋಗಲು ಇಸ್ರೇಲ್ ಬಿಡಲಿಲ್ಲ. ಹೀಗಾಗಿ ಜಗತ್ತಿಗೆ ಕಂಡದ್ದೆಲ್ಲ ಅಲ್ಲಿಯವರ ಕಣ್ಣಿನಿಂದಲೇ. ಅಲ್ ಜಝೀರಾದ ವಾಯಿಲ್ ದಹದೂಹ್‌ಗೆ ಹೆಂಡತಿ, ಮಗ, ಮಗಳು ದಾಳಿಯಲ್ಲಿ ಸತ್ತ ಸುದ್ದಿ 2023ರ ಅಕ್ಟೋಬರ್ 25ರಂದು ಕೆಲಸದಲ್ಲಿದ್ದಾಗಲೇ ತಿಳಿಯಿತು. ಮಾರನೆಯ ದಿನ ಅವರು ಮತ್ತೆ ಕ್ಯಾಮೆರಾ ಮುಂದೆ ನಿಂತರು. 2024ರ ಜನವರಿಯಲ್ಲಿ ಪತ್ರಕರ್ತನೇ ಆಗಿದ್ದ ಹಿರಿಯ ಮಗ ಹಂಝಾ ಕೂಡ ದಾಳಿಗೆ ಸತ್ತ. ಅದೇ ವರ್ಷ ಮೇನಲ್ಲಿ ಇಸ್ರೇಲ್ ತನ್ನ ನೆಲದಲ್ಲಿ ಅಲ್ ಜಝೀರಾವನ್ನು ಮುಚ್ಚಿಸಿತು. ದಹದೂಹ್ ವರದಿಗಳನ್ನು ನಾನು ತಪ್ಪದೆ ನೋಡುತ್ತಿದ್ದೆ. ಕಿರುಚಿದ್ದು ನೆನಪಿಲ್ಲ. ಇಂಥ ಬೀದಿ, ಇಷ್ಟು ಮನೆ, ಇಷ್ಟು ಜನ ಒಳಗಿದ್ದಾರೆ ಎಂದು ಹೇಳುತ್ತಿದ್ದರು.

ಕನ್ನಡ ವಾಹಿನಿಗಳಿಗೆ ಪರದೇಶದಲ್ಲಿ ಕಚೇರಿ ತೆರೆಯುವ ಹಣ ಇಲ್ಲದಿರಬಹುದು. ಆದರೆ ಕನ್ನಡಿಗರು ಇಲ್ಲದ ಊರು ಯಾವುದಿದೆ? ಕೊಲ್ಲಿ ದೇಶಗಳಲ್ಲಿ ಕರಾವಳಿಯವರು, ಆಸ್ಪತ್ರೆಗಳಲ್ಲಿ ನರ್ಸುಗಳು, ಕಾಲೇಜುಗಳಲ್ಲಿ ವಿದ್ಯಾರ್ಥಿಗಳು. ಉಕ್ರೇನಿನ ಮಕ್ಕಳು ಒಂದು ವಾರ ಮಾಡಿದ್ದನ್ನು ವಾರಕ್ಕೆ ಅರ್ಧ ಗಂಟೆ, ಸಂಗೀತವಿಲ್ಲದೆ, ಹಿಂದಿನ ವಾರದ್ದು ಏನಾಯಿತು ಎಂಬ ಲೆಕ್ಕದೊಡನೆ ಮಾಡಬಾರದೇಕೆ?

ಇದನ್ನು ಕೇಳುವುದಕ್ಕೆ ನನಗೊಂದು ಕಾರಣವಿದೆ. 2023ರ ನವೆಂಬರಿನ ಒಂದು ಬೆಳಿಗ್ಗೆ ಹಾಲಿನ ತಾಯಿ ಪಾತ್ರೆಗೆ ಹಾಲು ಸುರಿದು, ಹೋಗದೆ ಬಾಗಿಲಲ್ಲೇ ನಿಂತರು. ಹಿಂದಿನ ರಾತ್ರಿ ಯಾವುದೋ ವಾಹಿನಿಯಲ್ಲಿ ಒಬ್ಬ ಅಪ್ಪ ಕುಸಿದ ಮನೆಯ ಕಲ್ಲುಗಳನ್ನು ಬರಿಗೈಯಲ್ಲಿ ಎತ್ತಿ ಎತ್ತಿ ಹಾಕುವುದನ್ನು ನೋಡಿದ್ದರಂತೆ. ಅಷ್ಟರಲ್ಲಿ ಜಾಹೀರಾತು ಬಂತು, ಆಮೇಲೆ ಬೇರೆ ಸುದ್ದಿ. ನನಗೆ ಆ ಭಾಷೆ ಬರುತ್ತದೆ ಎಂದು ಆಕೆಯ ನಂಬಿಕೆ. “ಆ ಮಗು ಸಿಕ್ತಾ ಅಣ್ಣ?” ಎಂದು ಕೇಳಿದರು. ನಾನು ಅದೇ ದೃಶ್ಯವನ್ನು ಮೂರು ವಾಹಿನಿಗಳಲ್ಲಿ ನೋಡಿದ್ದೆ. ಮೂರರಲ್ಲೂ ಅದು ಅಲ್ಲಿಗೇ ನಿಂತಿತ್ತು.