ಕ್ರಿಕೆಟ್ಟು ನಮ್ಮದೇ ಆಟವೆ?

ಕ್ರಿಕೆಟ್ಟು ಮೂಲತಃ ಭಾರತದ ಆಟ, ಇಂಗ್ಲಿಷರು ಅದನ್ನು ಅಕಸ್ಮಾತ್ತಾಗಿ ಕಂಡುಹಿಡಿದರಷ್ಟೆ ಎಂಬ ಆಶಿಸ್ ನಂದಿಯವರ ಚಮತ್ಕಾರದ ಮಾತು ಪ್ರಸಿದ್ಧವಾದುದು. ಆ ಮಾತುಳ್ಳ ‘ದ ತಾವ್ ಆಫ್ ಕ್ರಿಕೆಟ್’ ಪ್ರಕಟವಾದದ್ದು 1989ರಲ್ಲಿ. ಈಚೆಗೆ ಅಮ್ಮಸಂದ್ರದಲ್ಲಿ ಕುಳಿತು ಅದನ್ನು ಮತ್ತೊಮ್ಮೆ ಓದಿದೆ.

ಐದು ದಿನ ಆಡಿಯೂ ಸೋಲು ಗೆಲವು ತೀರ್ಮಾನವಾಗದಿದ್ದರೆ ಬೇಸರಿಸದೆ ಮನೆಗೆ ಹೋಗುವ ಆಟ. ಚಿಮ್ಮಿದ ನಾಣ್ಯಕ್ಕೂ ಮೋಡಕ್ಕೂ ನೆಲದ ಹದಕ್ಕೂ ತಲೆಬಾಗುವ ಆಟ. ದೈವವನ್ನು ನಂಬಿದ ನಮ್ಮ ಜನಕ್ಕೆ ಅದು ಒಗ್ಗಿದುದರಲ್ಲಿ ಆಶ್ಚರ್ಯವೇನು ಎಂಬುದು ಅವರ ವಾದದ ತಿರುಳು. ಈ ಸೀಮೆಯವರಿಗೆ ಅದು ಸುಳ್ಳೆನಿಸಲಾರದು. ಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಹರಾಜಿಗೆ ಸಾಗಿಸುವವರಿಗೆ ಐದು ದಿನದ ತಾಳ್ಮೆ ಏತರದು!

ಆದರೆ ತೋಟದ ಪಕ್ಕದ ಬಯಲಿಗೆ ಬಂದೊಡನೆ ವಾದ ಕುಂಟುತ್ತದೆ. ಅಲ್ಲಿ ಹುಡುಗರು ಟೆನಿಸ್ ಚೆಂಡಿನಲ್ಲಿ ಆಡುವುದು ಹತ್ತು ಓವರಿನ ಆಟ. ಚಿಕ್ಕವರ ಕೈಯಲ್ಲಿ ತೆಂಗಿನ ಗರಿಯ ಬುಡ ಕೆತ್ತಿದ ಬ್ಯಾಟು. ಚಿನ್ನಿದಾಂಡು ಬಲ್ಲವರು ಈಗ ಅಜ್ಜಂದಿರು. ಮನೋಧರ್ಮಕ್ಕೆ ಒಗ್ಗುವುದೊಂದೇ ಕಾರಣವಾಗಿದ್ದರೆ ಚಿನ್ನಿದಾಂಡು ಏಕೆ ಸೋಲಬೇಕಿತ್ತು? ಅದಕ್ಕೆ ಅರಮನೆಯ ಆಶ್ರಯವಿರಲಿಲ್ಲ, ಕಾಲೇಜಿನ ಮೈದಾನವಿರಲಿಲ್ಲ, ರೇಡಿಯೋ ಇರಲಿಲ್ಲ. ಇವೆಲ್ಲ ಕ್ರಿಕೆಟ್ಟಿಗಿದ್ದವು. 1974ರಲ್ಲಿ ಪ್ರಸನ್ನರ ತಂಡ, ಮುಂಬಯಿ ಸತತವಾಗಿ 15 ವರ್ಷ ಇಟ್ಟುಕೊಂಡಿದ್ದ ರಣಜಿ ಟ್ರೋಫಿಯನ್ನು ಮೊದಲ ಬಾರಿಗೆ ಕರ್ನಾಟಕಕ್ಕೆ ತಂದಾಗ, ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥರ ಹೆಸರು ಪಂದ್ಯ ಕಾಣದ ಮನೆಗಳಲ್ಲಿಯೂ ಮಾತಾಯಿತು. ಆ ಅಭಿಮಾನ ಹುಸಿಯೆಂದು ನಾನು ಹೇಳೆ, ನನ್ನದೂ ಅದೇ.

ನಂದಿಯವರು ಒಂದು ದಿನದ ಕ್ರಿಕೆಟ್ಟನ್ನೇ ಸಂಶಯದಿಂದ ಕಂಡವರು. 2008ರಲ್ಲಿ ಹುಟ್ಟಿದ ಐಪಿಎಲ್ ಅವರ ಗ್ರಂಥದ ಹೊರಗಿನ ಸಂಗತಿ. 2025ರ ಜೂನ್ 3ರಂದು ಬೆಂಗಳೂರಿನ ತಂಡ ಮೊದಲ ಸಲ ಅದರ ಕಪ್ಪು ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅಲ್ಲಿ ಕಾದು ನಿಲ್ಲುವ ದೈವಭಾವವನ್ನು ಯಾರು ಹುಡುಕಿಯಾರು?

ಅದೇ ವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ಖೊಖೊ ಆಟದ ಮೊದಲ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳೆಯರ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು. ಬಯಲಿನ ಹುಡುಗರನ್ನು ಕೇಳಿದೆ; ಯಾರಿಗೂ ಗೊತ್ತಿರಲಿಲ್ಲ. ಫೈನಲ್ ನಡೆದದ್ದು 19ರಂದು ಎಂಬುದನ್ನು, ಜೂನ್ 3 ಬಾಯಿಪಾಠವಾಗಿದ್ದ ನಾನೂ ಹುಡುಕಿಯೇ ತಿಳಿದುಕೊಳ್ಳಬೇಕಾಯಿತು.