ಒಂಟಿ ಯಾತ್ರಿಕನಿಂದ ಸಹಯಾತ್ರಿಗಳೆಡೆಗೆ: ಜಾನ್ ಬನ್ಯನ್ನನ ಕೃತಿಯಲ್ಲಿ ಪುರುಷತ್ವ, ಪ್ರಬುದ್ಧತೆ ಮತ್ತು ಬಾಳಿನ ಗುರಿ

1

ಬಾಳಿನ ಗುರಿಯನ್ನು ಹೆಸರಿಸಲು ನಮ್ಮ ಭಾಷೆಯಲ್ಲಿರುವ ಹಳೆಯ ಪದ ‘ಪುರುಷಾರ್ಥ’. ಈ ಸಮಾಸದಲ್ಲಿ ಪುರುಷನೂ ಇದ್ದಾನೆ, ಗುರಿಯೂ ಇದೆ. ‘ಪುರುಷ’ನೆಂದರೆ ಇಲ್ಲಿ ಮನುಷ್ಯಮಾತ್ರನೆಂದು ವಿವರಿಸಬಹುದು. ಆದರೂ ಗುರಿಯನ್ನು ಅರಸಿ ಹೊರಡುವವನು ಗಂಡಸು, ಬಾಗಿಲಲ್ಲಿ ನಿಂತು ನೋಡುವವರು ಹೆಂಡತಿ ಮಕ್ಕಳು ಎಂಬ ಚಿತ್ರ ನಮ್ಮ ಕಲ್ಪನೆಯಲ್ಲಿ ಬಲವಾಗಿ ನಿಂತಿದೆ. ಮಧ್ಯರಾತ್ರಿಯಲ್ಲಿ ಅರಮನೆ ಬಿಟ್ಟ ಸಿದ್ಧಾರ್ಥನ ಕಥೆ ಈ ಚಿತ್ರದ ಮಹೋನ್ನತ ರೂಪ.

ಕ್ರೈಸ್ತ ಚಿಂತನೆಯಲ್ಲಿಯೂ ಪುರುಷತ್ವ, ಪ್ರಬುದ್ಧತೆ ಮತ್ತು ಬಾಳಿನ ಗುರಿ ಈ ಮೂರೂ ಒಂದರೊಡನೊಂದು ಹೆಣೆದುಕೊಂಡಿವೆ. ಬಾಲ್ಯದ ಮಾತು, ಬಾಲ್ಯದ ಆಲೋಚನೆಗಳನ್ನು ಬಿಟ್ಟು ಬೆಳೆದವನಾಗುವುದನ್ನು ಕುರಿತು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಹೇಳುತ್ತಾನೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಇದೇ ವಿಚಾರ ಬೇರೊಂದು ತಿರುವು ಪಡೆಯುತ್ತದೆ. ಅಲ್ಲಿ ಬೆಳೆಯುವವನು ಒಬ್ಬ ವ್ಯಕ್ತಿಯಲ್ಲ. ಎಲ್ಲರೂ ಕೂಡಿ ಒಬ್ಬ ಪೂರ್ಣ ಪುರುಷನ ಅಳತೆಗೆ ಬೆಳೆಯಬೇಕೆಂಬುದು ಆ ಪತ್ರದ ಆಶಯ. ಪ್ರಬುದ್ಧತೆಯು ಒಬ್ಬನ ಸಾಧನೆಯೋ ಸಮುದಾಯದ ಸಾಧನೆಯೋ ಎಂಬ ಪ್ರಶ್ನೆ ಹೀಗೆ ಮೂಲಗ್ರಂಥಗಳಲ್ಲಿಯೇ ತೆರೆದುಕೊಂಡಿದೆ.

ಈ ಪ್ರಶ್ನೆಯನ್ನು ಕಥನರೂಪದಲ್ಲಿ ಎದುರಿಸಿದ ಕೃತಿಗಳಲ್ಲಿ ಇಂಗ್ಲೆಂಡಿನ ಜಾನ್ ಬನ್ಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಪ್ರಮುಖವಾದುದು. ಇದರ ಮೊದಲ ಭಾಗ 1678ರಲ್ಲಿಯೂ ಎರಡನೆಯ ಭಾಗ 1684ರಲ್ಲಿಯೂ ಪ್ರಕಟವಾದವು. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಶನ್ನಿನವರ ಮೂಲಕ ಕನ್ನಡಕ್ಕೆ ಬಂದ ಇದು ‘ಯಾತ್ರಿಕನ ಸಂಚಾರ’ ಎಂಬ ಹೆಸರು ಪಡೆಯಿತು. ಸಾಮಾನ್ಯವಾಗಿ ಓದುಗರ ನೆನಪಿನಲ್ಲಿ ಉಳಿದಿರುವುದು ಮೊದಲ ಭಾಗ ಮಾತ್ರ. ಎರಡನೆಯದನ್ನು ಅದರ ಪೇಲವವಾದ ಅನುಬಂಧವೆಂದು ಕಾಣುವ ರೂಢಿಯಿದೆ. ಈ ರೂಢಿಯನ್ನು ಪ್ರಸ್ತುತ ಲೇಖನ ಪ್ರಶ್ನಿಸುತ್ತದೆ. ಮೊದಲ ಭಾಗವನ್ನಷ್ಟೇ ಓದಿದರೆ ದೊರೆಯುವ ಪುರುಷನ ಆಕೃತಿ ಅಪೂರ್ಣವಾದುದು. ಅದನ್ನು ತಿದ್ದುವ ಕೆಲಸವನ್ನು ಬನ್ಯನ್ ತಾನೇ ಮಾಡಿದ್ದಾನೆ ಎಂಬುದು ಇಲ್ಲಿನ ವಾದ. (ಪಾತ್ರಗಳ ಹೆಸರುಗಳಿಗೆ ಇಲ್ಲಿ ಕೊಟ್ಟಿರುವ ಕನ್ನಡ ರೂಪಗಳು ಈ ಲೇಖನಕ್ಕಾಗಿ ಮಾಡಿಕೊಂಡವು.)

2

ಬನ್ಯನ್ ಹುಟ್ಟಿದ್ದು 1628ರಲ್ಲಿ, ಬೆಡ್‌ಫರ್ಡ್ ಬಳಿಯ ಎಲ್‌ಸ್ಟೋ ಗ್ರಾಮದಲ್ಲಿ. ಹಳೆಯ ಪಾತ್ರೆಪಡಗಗಳನ್ನು ದುರಸ್ತಿ ಮಾಡುವುದು ತಂದೆಯ ಕಸುಬು, ಮಗನದೂ ಅದೇ. 1644ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷ ಹುಡುಗನು ಪಾರ್ಲಿಮೆಂಟಿನ ಸೈನ್ಯವನ್ನು ಸೇರಿದನು. ಮದುವೆಯಾದಾಗ ಮನೆಯಲ್ಲಿ ಬಟ್ಟಲು ಚಮಚೆಗಳಿಗೂ ಗತಿಯಿರಲಿಲ್ಲವೆಂದೂ ಹೆಂಡತಿ ತವರಿನಿಂದ ತಂದದ್ದು ಎರಡು ಧಾರ್ಮಿಕ ಪುಸ್ತಕಗಳೆಂದೂ ಅವನೇ ಬರೆದುಕೊಂಡಿದ್ದಾನೆ. ಅವರ ಮೊದಲ ಮಗಳು ಹುಟ್ಟುಕುರುಡಿ.

1660ರಲ್ಲಿ ರಾಜಪ್ರಭುತ್ವ ಮರಳಿ ಸ್ಥಾಪಿತವಾದಾಗ, ಅಧಿಕೃತ ಚರ್ಚಿನ ಅಪ್ಪಣೆಯಿಲ್ಲದೆ ಬೋಧಿಸಿದ ಕಾರಣಕ್ಕೆ ಬನ್ಯನ್ನನ ಬಂಧನವಾಯಿತು. ಬೋಧಿಸುವುದಿಲ್ಲವೆಂದು ಮಾತು ಕೊಟ್ಟರೆ ಬಿಡುಗಡೆಯಾಗುವ ಅವಕಾಶವಿತ್ತು. ಆ ಮಾತನ್ನು ಅವನು ಕೊಡಲಿಲ್ಲ. ಸೆರೆವಾಸ 12 ವರ್ಷ ನಡೆಯಿತು. ಎರಡನೆಯ ಹೆಂಡತಿ ಎಲಿಜಬೆತ್, ಬಂಧನದ ಆಘಾತದಿಂದ ಅಕಾಲದಲ್ಲಿ ಹೆತ್ತು ಆ ಮಗುವನ್ನು ಕಳೆದುಕೊಂಡಿದ್ದಳು. ಅವಳು 1661ರಲ್ಲಿ ನ್ಯಾಯಾಧೀಶರೆದುರು ನಿಂತು ಗಂಡನ ಪರವಾಗಿ ವಾದಿಸಿದಳು. ತನ್ನದಲ್ಲದ ನಾಲ್ಕು ಮಕ್ಕಳನ್ನು ಸಾಕುವ ಹೊಣೆ ಅವಳ ಮೇಲಿತ್ತು. ಬನ್ಯನ್ ಸೆರೆಯಲ್ಲಿ ಬೂಟುಗಳ ದಾರಗಳಿಗೆ ಲೋಹದ ತುದಿ ಕಟ್ಟಿ ಮಾರಿಸಿ ಸಂಸಾರಕ್ಕೆ ನೆರವಾಗುತ್ತಿದ್ದನು.

1666ರಲ್ಲಿ ಹೊರಬಂದ ಅವನ ಆತ್ಮಕಥನದಲ್ಲಿ ಹೆಂಡತಿ ಮಕ್ಕಳಿಂದ ಅಗಲಿದ ನೋವು, ಅದರಲ್ಲೂ ಕುರುಡು ಮಗಳನ್ನು ನೆನೆದಾಗಿನ ಸಂಕಟ, ಮೂಳೆಯಿಂದ ಮಾಂಸ ಕಿತ್ತಂತೆ ವರ್ಣಿತವಾಗಿದೆ. ತನ್ನ ಮನೆಯನ್ನು ಹೆಂಡತಿ ಮಕ್ಕಳ ತಲೆಯ ಮೇಲೆ ತಾನೇ ಕೆಡವುತ್ತಿರುವೆನೆಂಬ ಅರಿವೂ ಅಲ್ಲಿದೆ. ಗುರಿ ಮತ್ತು ಸಂಸಾರಗಳ ಸಂಘರ್ಷ ಅವನಿಗೆ ಬರಿಯ ರೂಪಕವಾಗಿರಲಿಲ್ಲವೆಂಬುದನ್ನು ಮರೆತು ಅವನ ಯಾತ್ರಾಕಥನವನ್ನು ಓದುವಂತಿಲ್ಲ. ಕೃತಿಯ ಆರಂಭದಲ್ಲಿ ಕನಸುಗಾರನು ಮಲಗುವ ಗುಹೆ ಸೆರೆಮನೆಯೇ ಎಂದು ಅಂಚಿನ ಟಿಪ್ಪಣಿ ತಿಳಿಸುತ್ತದೆ.

3

ಮೊದಲ ಭಾಗದ ನಾಯಕ ಕ್ರಿಶ್ಚಿಯನ್. ಚಿಂದಿ ಬಟ್ಟೆ, ಕೈಯಲ್ಲೊಂದು ಪುಸ್ತಕ, ಬೆನ್ನ ಮೇಲೆ ಹೊರೆ. ತನ್ನ ಊರು ನಾಶವಾಗಲಿದೆಯೆಂದು ತಿಳಿದು ಅವನು ಓಡುತ್ತಾನೆ. ಹೆಂಡತಿ ಮಕ್ಕಳು ಕೂಗಿ ಕರೆದಾಗ ಕಿವಿಗಳಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ಕನ್ನಡದ ಓದುಗನು ಇದನ್ನು ಸಂನ್ಯಾಸದ ಚೌಕಟ್ಟಿನಲ್ಲಿ ಗ್ರಹಿಸುವುದು ಸಹಜ. ಆದರೆ ಬನ್ಯನ್ ಬೆಳೆದ ಪ್ಯೂರಿಟನ್ ಪರಂಪರೆ ಮಠಜೀವನವನ್ನು ತಿರಸ್ಕರಿಸಿದ್ದು. ಕಸುಬು ಮತ್ತು ಸಂಸಾರಗಳ ನಡುವೆಯೇ ದೈವದ ಕರೆಯನ್ನು ಪಾಲಿಸಬೇಕೆಂಬುದು ಅದರ ನಿಲುವು. ಆದ್ದರಿಂದ ಈ ನಿರ್ಗಮನವು ಸಂಸಾರವೇ ಬಂಧನವೆಂಬ ತತ್ತ್ವವನ್ನು ಪ್ರತಿಪಾದಿಸುವುದಿಲ್ಲ. ಅವನೊಡನೆ ಹೊರಡಲು ಮನೆಯವರು ಒಪ್ಪಲಿಲ್ಲವೆಂಬುದೇ ಅದರ ಕಾರಣ. ಮುಂದೆ ಒಂದು ಮನೆಯಲ್ಲಿ ‘ಹೆಂಡತಿ ಮಕ್ಕಳನ್ನೇಕೆ ಕರೆತರಲಿಲ್ಲ’ ಎಂಬ ಪ್ರಶ್ನೆ ಎದುರಾದಾಗ ಅವನು ಅಳುತ್ತಾನೆ. ವೈರಾಗ್ಯದ ತೃಪ್ತಿ ಆ ಅಳುವಿನಲ್ಲಿಲ್ಲ.

ದಾರಿಯಲ್ಲಿ ಎದುರಾಗುವ ಲೋಕಜ್ಞಾನಿಯ ಸಲಹೆ ಇಲ್ಲಿ ಗಮನಾರ್ಹ. ಹತ್ತಿರದಲ್ಲಿಯೇ ನೀತಿಯೆಂಬ ಊರಿದೆ; ಅಲ್ಲಿ ಹೊರೆ ಇಳಿಸಿಕೊಡುವ ಸಭ್ಯರಿದ್ದಾರೆ; ಮನೆಗಳು ಅಗ್ಗದ ಬಾಡಿಗೆಗೆ ಸಿಗುತ್ತವೆ; ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಲೋಕವು ಸಾಮಾನ್ಯವಾಗಿ ‘ಪ್ರಬುದ್ಧತೆ’ಯೆಂದು ಕರೆಯುವುದು ಇದನ್ನೇ: ನೆಮ್ಮದಿಯ ಮನೆ, ಮರ್ಯಾದೆಯ ನೆರೆಹೊರೆ, ಅತಿಗೆ ಹೋಗದ ನಂಬಿಕೆ. ಬನ್ಯನ್ ಇದನ್ನು ಅಪಾಯವೆಂದು ಚಿತ್ರಿಸುತ್ತಾನೆ. ಆದರೆ ಅಪಾಯ ಮನೆಯಲ್ಲಿಲ್ಲ. ಹೊರೆಯ ಕಾರಣವನ್ನು ವಿಚಾರಿಸದೆ ಹೊರೆಯನ್ನು ಮರೆಸುವ ಜಾಣತನದಲ್ಲಿದೆ. ಮುಂದೆ ಶಿಲುಬೆಯ ಬಳಿ ಆ ಹೊರೆ ತಾನಾಗಿ ಕಳಚಿ ಬೀಳುತ್ತದೆ. ಅದನ್ನು ಇಳಿಸುವುದರಲ್ಲಿ ನಾಯಕನ ತೋಳ್ಬಲದ ಪಾತ್ರವಿಲ್ಲ.

ಶೌರ್ಯದ ಪ್ರಸಂಗಗಳಲ್ಲಿಯೂ ಇಂಥ ತಿರುವುಗಳಿವೆ. ಅಪೊಲ್ಯನ್ ಎಂಬ ಭೀಕರ ವೈರಿ ಎದುರಾದಾಗ ಕ್ರಿಶ್ಚಿಯನ್ ಹೆದರಿ ಹಿಂದಿರುಗಲು ಯೋಚಿಸುತ್ತಾನೆ. ಆದರೆ ಅವನಿಗೆ ತೊಡಿಸಿದ ಕವಚಕ್ಕೆ ಬೆನ್ನಿನ ರಕ್ಷಣೆಯಿಲ್ಲ. ಬೆನ್ನು ತೋರಿಸಿದರೆ ಸಾವು ಖಚಿತವೆಂದು ತಿಳಿದು ನಿಲ್ಲುತ್ತಾನೆ. ಇಲ್ಲಿ ಧೈರ್ಯವೆಂಬುದು ಭಯದ ಅಭಾವವಲ್ಲ, ಭಯದ ನಡುವೆ ತೆಗೆದುಕೊಂಡ ನಿರ್ಧಾರ. ಮುಂದಿನ ಮೃತ್ಯುಛಾಯೆಯ ಕಣಿವೆಯಲ್ಲಿ ಖಡ್ಗವೂ ನಿಷ್ಪ್ರಯೋಜಕವಾಗುತ್ತದೆ. ಪ್ರಾರ್ಥನೆಯೊಂದೇ ಆಯುಧವಾಗಿ ಉಳಿಯುತ್ತದೆ.

ಈ ವಾದಕ್ಕೆ ಅತ್ಯಂತ ಮುಖ್ಯವಾದುದು ಮಾತ್ರ ಒಂದು ಸಣ್ಣ ಪ್ರಸಂಗ. ಅವಸರದ ಓದುಗನು ಅದನ್ನು ದಾಟಿಹೋಗುವ ಸಂಭವವಿದೆ. ಮುಂದೆ ನಡೆಯುತ್ತಿದ್ದ ನಂಬಿಗಸ್ತನನ್ನು ಕ್ರಿಶ್ಚಿಯನ್ ಓಡಿ ಹಿಂದೆ ಹಾಕುತ್ತಾನೆ. ತಾನು ಮುಂದಾದೆನೆಂಬ ಹೆಮ್ಮೆಯಿಂದ ನಗುತ್ತಾನೆ. ಆ ಕ್ಷಣವೇ ಎಡವಿ ಬೀಳುತ್ತಾನೆ. ನಂಬಿಗಸ್ತನು ಬಂದು ಕೈಹಿಡಿದೆತ್ತುವವರೆಗೆ ಅವನು ಏಳಲಾರ. ಅಪೊಲ್ಯನ್ನನನ್ನು ಗೆದ್ದ ವೀರನನ್ನು ಕೆಡವಲು ಒಂದು ನಗು ಸಾಕಾಯಿತು. ಗಂಡಸಿನ ಯಶಸ್ಸನ್ನು ಇತರ ಗಂಡಸರನ್ನು ಹಿಂದಿಕ್ಕುವುದರಿಂದ ಅಳೆಯುವ ಕ್ರಮಕ್ಕೆ ಇದಕ್ಕಿಂತ ಸಂಕ್ಷಿಪ್ತವಾದ ಟೀಕೆ ದೊರೆಯುವುದು ಕಷ್ಟ.

ಅಲ್ಲಿಂದ ಮುಂದೆ ಕ್ರಿಶ್ಚಿಯನ್ ಒಂಟಿಯಲ್ಲ. ವ್ಯರ್ಥತೆಯ ಸಂತೆಯಲ್ಲಿ ನಂಬಿಗಸ್ತನು ಸುಡಲ್ಪಟ್ಟ ಮೇಲೆ ನಿರೀಕ್ಷಾವಂತನು ಜೊತೆಗೂಡುತ್ತಾನೆ. ಅಡ್ಡದಾರಿಗೆ ಕರೆದೊಯ್ಯುವವನು ಹಿರಿಯನಾದ ಕ್ರಿಶ್ಚಿಯನ್ನನೇ. ಸಂಶಯದ ಕೋಟೆಯಲ್ಲಿ ಹತಾಶೆಯೆಂಬ ದೈತ್ಯನು ಆತ್ಮಹತ್ಯೆಯನ್ನು ಬೋಧಿಸಿದಾಗ ಅದಕ್ಕೆ ವಾಲುವವನೂ ಅವನೇ, ತಡೆಯುವವನು ಕಿರಿಯ. ಕಡೆಯ ನದಿಯಲ್ಲಿ ಮುಳುಗುತ್ತಿರುವ ಕ್ರಿಶ್ಚಿಯನ್ನನ ತಲೆಯನ್ನು ನೀರಿನ ಮೇಲೆ ಹಿಡಿಯುವವನೂ ಅದೇ ಕಿರಿಯ ಸಂಗಾತಿ. ವಯಸ್ಸು ಮತ್ತು ಅನುಭವಗಳು ಪ್ರಬುದ್ಧತೆಗೆ ಖಾತರಿಯಲ್ಲವೆಂಬ ತಿಳಿವಳಿಕೆ ಕೃತಿಯ ರಚನೆಯಲ್ಲಿಯೇ ಅಡಕವಾಗಿದೆ.

4

ಆದರೂ ಮೊದಲ ಭಾಗದಲ್ಲಿ ಒಂದು ಸಾಲ ತೀರದೆ ಉಳಿಯುತ್ತದೆ: ಬೆರಳಿಟ್ಟ ಕಿವಿಗೆ ಕೇಳಿಸದ ಕೂಗು. ಎರಡನೆಯ ಭಾಗ ಆ ಕೂಗು ಹಾಕಿದವರ ಕಥೆ. ಹೆಂಡತಿ ಕ್ರಿಶ್ಚಿಯಾನಾ, ನಾಲ್ವರು ಗಂಡುಮಕ್ಕಳು, ಕರುಣೆಯೆಂಬ ನೆರೆಮನೆಯ ತರುಣಿ ಅದೇ ದಾರಿಯಲ್ಲಿ ಹೊರಡುತ್ತಾರೆ. ಅವರಿಗೆ ಮಾರ್ಗದರ್ಶಿಯಾಗಿ ಬರುವವನು ಮಹಾಹೃದಯ. ಈತನೇ ಬನ್ಯನ್ನನ ಎರಡನೆಯ ಪುರುಷಾಕೃತಿ. ಇವನೂ ಯೋಧನೇ, ದೈತ್ಯರನ್ನು ಕೊಲ್ಲುತ್ತಾನೆ. ಆದರೆ ಇವನ ಯಾತ್ರೆ ತನಗಾಗಿ ಅಲ್ಲ. ಇತರರನ್ನು ನದಿಯ ದಡಕ್ಕೆ ಮುಟ್ಟಿಸುವುದು ಇವನ ಕೆಲಸ.

ಇವನ ಪೌರುಷದ ನಿಜವಾದ ಪರೀಕ್ಷೆ ಯುದ್ಧದಲ್ಲಿ ನಡೆಯುವುದಿಲ್ಲ, ದುರ್ಬಲಚಿತ್ತನೊಡನೆ ನಡೆಯುವ ಮಾತುಕತೆಯಲ್ಲಿ ನಡೆಯುತ್ತದೆ. ತನ್ನ ನಿಧಾನ ನಿಮಗೆ ಹೊರೆಯಾದೀತು, ನಿಮ್ಮ ನಗುವೂ ಉಡುಗೆಯೂ ತನಗೆ ಒಗ್ಗಲಾರವು ಎಂದು ದುರ್ಬಲಚಿತ್ತನು ಹಿಂಜರಿಯುತ್ತಾನೆ. ಮಹಾಹೃದಯನು ಅವನಿಗೆ ಧೈರ್ಯದ ಉಪದೇಶ ಮಾಡುವುದಿಲ್ಲ. ನಾವು ನಿನಗಾಗಿ ಕಾಯುತ್ತೇವೆ, ನಿನಗೆ ಒಗ್ಗದ್ದನ್ನು ನಿನಗಾಗಿ ಬಿಡುತ್ತೇವೆ ಎಂಬರ್ಥದ ಭರವಸೆ ಕೊಡುತ್ತಾನೆ. ಅಷ್ಟರಲ್ಲಿ ಊರುಗೋಲು ಹಿಡಿದ ಕುಂಟನೊಬ್ಬನು ಬರುತ್ತಾನೆ. ದುರ್ಬಲಚಿತ್ತನಿಗೆ ಹೆಜ್ಜೆಗೆ ತಕ್ಕ ಜೊತೆ ಸಿಗುತ್ತದೆ. ಯಾತ್ರೆಯ ವೇಗವನ್ನು ಈಗ ನಿರ್ಧರಿಸುವವನು ಅತ್ಯಂತ ಬಲಶಾಲಿಯಲ್ಲ, ಅತ್ಯಂತ ನಿಧಾನಿ. ನಂಬಿಗಸ್ತನನ್ನು ಹಿಂದಿಕ್ಕಿ ನಕ್ಕ ಕ್ರಿಶ್ಚಿಯನ್ನನ ಪಕ್ಕದಲ್ಲಿ ಈ ಚಿತ್ರವನ್ನಿಟ್ಟು ನೋಡಿದಾಗ ಆರು ವರ್ಷಗಳ ಅಂತರದಲ್ಲಿ ಲೇಖಕನು ನಡೆದ ದೂರ ತಿಳಿಯುತ್ತದೆ.

ಗಂಡುಮಕ್ಕಳು ಬೆಳೆಯುವ ಬಗೆಯೂ ವಿಚಾರಾರ್ಹ. ಹಿರಿಯ ಮಗ ಮ್ಯಾಥ್ಯೂ ಪರರ ತೋಟದ ಕಾಯಿ ತಿಂದು ಹೊಟ್ಟೆನೋವಿನಿಂದ ನರಳುತ್ತಾನೆ. ವೈದ್ಯನ ಔಷಧ ಬೇಕಾಗುತ್ತದೆ. ಮುಂದೆ ಮದುವೆಗಳಾಗುತ್ತವೆ. ತಂದೆಯನ್ನು ಸೆರೆಯಿಟ್ಟಿದ್ದ ಹತಾಶೆಯ ದೈತ್ಯನನ್ನು ಕೊಲ್ಲಲು ಮಹಾಹೃದಯನೊಡನೆ ಈ ನಾಲ್ವರೂ ಹೋಗುತ್ತಾರೆ. ತಂದೆ ತಪ್ಪಿಸಿಕೊಂಡು ಬಂದ ಕೋಟೆಯನ್ನು ಮಕ್ಕಳು ಕೆಡವುತ್ತಾರೆ. ಅದರೊಳಗಿನಿಂದ ಬಿಡುಗಡೆಯಾದ ಬಹುಭೀತೆಯೆಂಬ ಹುಡುಗಿಯೊಡನೆ ಕುಂಟನು ಊರುಗೋಲು ಹಿಡಿದೇ ಕುಣಿಯುತ್ತಾನೆ. ಇಡೀ ಕೃತಿಯಲ್ಲಿ ಗೆಲುವಿನ ಸಂತೋಷ ಇಷ್ಟು ನಿರಾಳವಾಗಿ ಹೊಮ್ಮುವ ಎಡೆ ಮತ್ತೊಂದಿಲ್ಲ.

ಕೊನೆಯಲ್ಲಿ ಕ್ರಿಶ್ಚಿಯಾನಾ ನದಿ ದಾಟುತ್ತಾಳೆ. ಗಂಡನಂತೆ ಮುಳುಗುವ ಭಯ ಅವಳನ್ನು ಕಾಡುವುದಿಲ್ಲ. ಮಕ್ಕಳು ದಾಟುವುದಿಲ್ಲ; ಅಲ್ಲಿನ ಸಭೆಯ ಬೆಳವಣಿಗೆಗಾಗಿ ಅವರು ಸಂಸಾರ ಸಮೇತ ಈಚೆ ದಡದಲ್ಲಿಯೇ ಉಳಿದರೆಂದು ನಿರೂಪಕನು ತಿಳಿಸುತ್ತಾನೆ. ತಂದೆಯ ಪುರುಷಾರ್ಥ ಹೊರಡುವುದರಲ್ಲಿತ್ತು. ಮಕ್ಕಳ ಪುರುಷಾರ್ಥ ಉಳಿಯುವುದರಲ್ಲಿದೆ. ಎರಡಕ್ಕೂ ಒಂದೇ ಗೌರವ ಸಲ್ಲುತ್ತದೆ.

5

ಈ ಓದಿಗೆ ಮಿತಿಗಳಿಲ್ಲದೆ ಇಲ್ಲ. ಎರಡನೆಯ ಭಾಗದಲ್ಲಿ ಹೆಂಗಸರು ನಡೆಯುತ್ತಾರೆ ನಿಜ. ಆದರೆ ಕಾವಲಿಗೆ ಗಂಡಸು ಬೇಕು. ಮೊದಲಿಗೆ ಕಾವಲನ್ನು ಬೇಡದೆ ಹೊರಟದ್ದೇ ಅವರ ತಪ್ಪೆಂಬಂತೆ, ದಾರಿಯಲ್ಲಿ ಇಬ್ಬರು ದುಷ್ಟರು ಅವರ ಮೇಲೆ ಬೀಳುತ್ತಾರೆ. ಗಾಯಸ್ ಎಂಬ ಛತ್ರದ ಯಜಮಾನನ ಬಾಯಲ್ಲಿ ಸ್ತ್ರೀಯರ ಪರವಾದ ವಕಾಲತ್ತಿದ್ದರೂ ಅದು ಗಂಡಸಿನ ಮಾತು. ನ್ಯಾಯಾಧೀಶರೆದುರು ಒಂಟಿಯಾಗಿ ನಿಂತು ವಾದಿಸಿದ ಎಲಿಜಬೆತ್ತಳ ಎತ್ತರಕ್ಕೆ ಕ್ರಿಶ್ಚಿಯಾನಾ ಏರುವುದಿಲ್ಲ. ಲೇಖಕನ ಮನೆಯಲ್ಲಿದ್ದ ಹೆಣ್ಣು ಅವನ ಕಲ್ಪನೆಯ ಹೆಣ್ಣಿಗಿಂತ ದೊಡ್ಡವಳೆಂದೇ ಹೇಳಬೇಕಾಗುತ್ತದೆ.

ಇನ್ನೊಂದು ಸಂಗತಿ ಭಾಷೆಗೆ ಸಂಬಂಧಿಸಿದ್ದು. ಮೂಲದ ‘ಪಿಲ್‌ಗ್ರಿಮ್’ ಶಬ್ದಕ್ಕೆ ಲಿಂಗವಿಲ್ಲ. ಕನ್ನಡದ ‘ಯಾತ್ರಿಕನ’ ಎಂಬ ರೂಪ ಪುಲ್ಲಿಂಗ, ಏಕವಚನ. ಷಷ್ಠೀ ವಿಭಕ್ತಿಯ ಒಂದು ಪ್ರತ್ಯಯದಲ್ಲಿ ಕ್ರಿಶ್ಚಿಯಾನಾ, ಕರುಣೆ, ಬಹುಭೀತೆ ಎಲ್ಲರೂ ಮರೆಯಾಗುತ್ತಾರೆ; ಮೊದಲ ಭಾಗದ ಒಂಟಿ ಗಂಡಸಷ್ಟೇ ಕಣ್ಣಿಗೆ ಬೀಳುತ್ತಾನೆ. ಅನುವಾದಕರ ಉದ್ದೇಶ ಇದಾಗಿತ್ತೆಂದಲ್ಲ. ಭಾಷೆಯ ವ್ಯಾಕರಣವೇ ಅವರನ್ನು ಅಲ್ಲಿಗೆ ಕೊಂಡೊಯ್ದಿತು. ಆದರೆ ಎರಡೂ ಭಾಗಗಳನ್ನು ಕೂಡಿಸಿ ಓದುವವರಿಗೆ ‘ಯಾತ್ರಿಕರ ಸಂಚಾರ’ ಎಂಬ ಬಹುವಚನವೇ ಹೆಚ್ಚು ಸಮಂಜಸವೆಂದು ತೋರೀತು. ಎಫೆಸದವರಿಗೆ ಬರೆದ ಪತ್ರದ ಆಶಯವೂ ಆ ಬಹುವಚನದಲ್ಲಿಯೇ ಇದೆ.

ಕರ್ನಾಟಕದ ಹೊರಗೆ ನೆಲಸಿದ ಕನ್ನಡಿಗರಿಗೆ ಈ ಚರ್ಚೆ ಪರಕೀಯವಲ್ಲ. ದುಡಿಮೆಗೆಂದು ಗಂಡಸು ಮುಂಬಯಿಗೆ ಹೊರಡುವುದು, ಮನೆಯವರು ವರ್ಷಗಳ ನಂತರ ಬಂದು ಸೇರುವುದು ಅಥವಾ ಊರಿನಲ್ಲಿಯೇ ಉಳಿಯುವುದು ಹಲವು ಕುಟುಂಬಗಳ ಇತಿಹಾಸ. ಹೊರಟವನ ಸಾಹಸವನ್ನು ನಾವು ಸಾಕಷ್ಟು ದಾಖಲಿಸಿದ್ದೇವೆ. ಹಿಂದಿನಿಂದ ಅದೇ ದಾರಿಯನ್ನು ನಡೆದವರ ಕಥನಗಳ ಕಡೆಗೂ ಸಂಶೋಧಕರು ಗಮನ ಹರಿಸಬೇಕಾಗಿದೆ.

1688ರಲ್ಲಿ ಬನ್ಯನ್ ತನ್ನ ಕೊನೆಯ ಪ್ರಯಾಣ ಕೈಗೊಂಡನು. ಮುನಿಸಿಕೊಂಡಿದ್ದ ತಂದೆ ಮಗನ ನಡುವೆ ರಾಜಿ ಮಾಡಿಸಲು ಅವನು ರೆಡಿಂಗ್ ಪಟ್ಟಣಕ್ಕೆ ಹೋದನು. ಆ ಕೆಲಸ ಮುಗಿಸಿ ಮಳೆಯಲ್ಲಿ ನೆನೆಯುತ್ತ ಲಂಡನ್ನಿಗೆ ಕುದುರೆಯೇರಿ ಬಂದವನು ಜ್ವರ ಹಿಡಿದು ಆಗಸ್ಟ್ 31ರಂದು ತೀರಿಕೊಂಡನು. ಕಿವಿಗೆ ಬೆರಳಿಟ್ಟುಕೊಂಡು ಓಡಿದ ಗಂಡಸನ್ನು ಸೃಷ್ಟಿಸಿದ ಲೇಖಕನು ಕಡೆಗೆ ಇನ್ನೊಬ್ಬರ ಮನೆಯ ಮಾತಿಗೆ ಕಿವಿಗೊಟ್ಟು ಹೊರಟನು. ಅವನ ಕೃತಿಯ ಎರಡನೆಯ ಭಾಗಕ್ಕೆ ಇದಕ್ಕಿಂತ ಸಮರ್ಪಕವಾದ ವ್ಯಾಖ್ಯಾನ ಬೇಕಾಗಿಲ್ಲ.